ಏಡಿಯ ಇಕ್ಕಳಕ್ಕೂ ಮೊದಲು ರಕ್ತದ ಅಂಕಿ

ಹೋದ ಶ್ರಾವಣದಲ್ಲಿ ನಮ್ಮಕ್ಕ ಗದಗದಿಂದ ಒಂದು ಫೈಲು ಹಿಡಿದುಕೊಂಡು ಹುಬ್ಬಳ್ಳಿಗೆ ಬಂದಳು. ಅವಳ ಮಗನಿಗೆ ನಾಲ್ಕು ವರ್ಷ. ಮಾತು ಬಂದಿಲ್ಲ, ಹೆಸರು ಹಿಡಿದು ಕೂಗಿದರೆ ತಿರುಗಿ ನೋಡುವುದಿಲ್ಲ. ಅದು ಆಟಿಸಂ ಎಂದು ಧಾರವಾಡದಲ್ಲಿ ಹೇಳಿ ಆಗ ಆರು ತಿಂಗಳಾಗಿತ್ತು. ಫೈಲಿನಲ್ಲಿದ್ದದ್ದು ಮೂತ್ರದ ರಿಪೋರ್ಟು. ಸೀಸ, ಪಾದರಸ, ಆರ್ಸೆನಿಕ್, ಕ್ಯಾಡ್ಮಿಯಂ ಎಂದು ಸಾಲಾಗಿ ಹೆಸರು, ಎದುರಿಗೆ ಕೆಂಪು ಪಟ್ಟಿಗಳು. ‘ಹುಡುಗನ ಮೈಯಾಗ ಲೋಹದ ವಿಷ ತುಂಬೇತಂತ. ಇಪ್ಪತ್ತು ಸಲ ಡ್ರಿಪ್ ಹಾಕಿದ್ರ ಎಲ್ಲಾ ಹೊರಗ ಬರ್ತದಂತ, ಆಮ್ಯಾಲ ಮಾತೂ ಬರ್ತಾವಂತ. ನೀ ನರ್ಸಿಂಗ್ ಓದಾಕತ್ತೀಯಲ್ಲ, ನೀನ ಹೇಳವಾ. ಮಾಡಸೂಣೋ ಬ್ಯಾಡೋ?’

ನನಗೆ ಹೇಳಲು ಬರಲಿಲ್ಲ. ಸೀಸದ ವಿಷದ ಔಷಧಗಳ ಹೆಸರನ್ನು ಬಾಯಿಪಾಠ ಮಾಡಿ ಪರೀಕ್ಷೆ ಬರೆದಿದ್ದೆ, ಅಂಕವೂ ಬಂದಿತ್ತು. ಯಾವ ಮಗುವಿಗೆ, ಯಾವಾಗ, ಯಾಕೆ ಎಂದು ಮನೆಯವರೇ ಕೇಳಿದಾಗ ಆ ಪಾಠ ಕೈಗೆ ಸಿಗಲಿಲ್ಲ. ಆಮೇಲೆ ಒಂದೂವರೆ ತಿಂಗಳು ಹುಡುಕಿ ಓದಿದ್ದನ್ನು, ನನ್ನ ಹಾಗೆಯೇ ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷ್ ಪುಸ್ತಕದ ಮುಂದೆ ಕೂತಿರುವ ಗೆಳತಿಯರಿಗಾಗಿ ಬರೆಯುತ್ತಿದ್ದೇನೆ.

ಇಕ್ಕಳ ಹಿಡಿಯುವುದು ಹೇಗೆ

ಪದ ಮೊದಲು. ಔಷಧ ಕೊಟ್ಟು ಮೈಯೊಳಗಿನ ಲೋಹ ಹೊರತೆಗೆಯುವ ಈ ಚಿಕಿತ್ಸೆಗೆ ಇಂಗ್ಲಿಷ್ ಪುಸ್ತಕದಲ್ಲಿ chelation ಎಂದಿರುತ್ತದೆ. ‘ಚಿಲೇಷನ್’ ಎಂದು ಓದಬೇಡಿ, ಉಚ್ಚಾರ ಕೀಲೇಷನ್. ಗ್ರೀಕ್ ಭಾಷೆಯಲ್ಲಿ ಏಡಿಯ ಇಕ್ಕಳಕ್ಕೆ ‘ಕೀಲೆ’ ಎನ್ನುತ್ತಾರೆ. 1920ರಲ್ಲಿ ಮಾರ್ಗನ್ ಮತ್ತು ಡ್ರೂ ಎಂಬ ರಸಾಯನ ವಿಜ್ಞಾನಿಗಳು ಆ ಪದವನ್ನು ತಂದು ಇಟ್ಟರು. ಲೋಹದ ಒಂದು ಅಯಾನನ್ನು ಎರಡು ಅಥವಾ ಹೆಚ್ಚು ಕಡೆಯಿಂದ ಕಚ್ಚಿ ಹಿಡಿಯುವ ಅಣು ಎಂದರ್ಥ. ಹಾಗೆ ಕಚ್ಚಿಸಿಕೊಂಡ ಲೋಹ ನೀರಿನಲ್ಲಿ ಕರಗುವ ರೂಪಕ್ಕೆ ಬಂದು ಹೆಚ್ಚಾಗಿ ಮೂತ್ರದಲ್ಲಿ ಹೊರಹೋಗುತ್ತದೆ.

ಇದನ್ನು ನೀವು ದಿನಾ ನೋಡುತ್ತಿದ್ದೀರಿ. ಸಿಬಿಸಿಗೆ, ಅಂದರೆ ರಕ್ತಕಣ ಎಣಿಸುವ ಪರೀಕ್ಷೆಗೆ, ರಕ್ತ ತೆಗೆಯುವ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಇರುವುದು ಇಡಿಟಿಎ ಎಂಬ ಇಂಥದೇ ಅಣು. ಅದು ರಕ್ತದ ಕ್ಯಾಲ್ಸಿಯಂ ಅನ್ನು ಹಿಡಿದುಬಿಡುತ್ತದೆ, ಕ್ಯಾಲ್ಸಿಯಂ ಇಲ್ಲದೆ ರಕ್ತ ಹೆಪ್ಪುಗಟ್ಟುವುದಿಲ್ಲ. ಟ್ಯೂಬಿನಲ್ಲಿ ನಮಗೆ ಬೇಕಾದದ್ದೇ ಅದು. ಆದರೆ ಅದೇ ಕೆಲಸ ಒಂದು ಮಗುವಿನ ರಕ್ತನಾಳದೊಳಗೆ ನಡೆದರೆ ಏನಾದೀತು ಎಂದು ಒಂದು ಕ್ಷಣ ಯೋಚಿಸಿ. ಏಡಿಗೆ ಒಳ್ಳೆಯ ಲೋಹ, ಕೆಟ್ಟ ಲೋಹ ಎಂಬ ಭೇದ ಪೂರ್ತಿ ತಿಳಿಯುವುದಿಲ್ಲ. ಸೀಸದ ಜೊತೆಗೆ ಸತು, ತಾಮ್ರ, ಕೆಲವೊಮ್ಮೆ ಕ್ಯಾಲ್ಸಿಯಂ ಕೂಡ ಹೋಗುತ್ತವೆ.

ಡೈಸೋಡಿಯಂ ಇಡಿಟಿಎ ಮತ್ತು ಕ್ಯಾಲ್ಸಿಯಂ ಡೈಸೋಡಿಯಂ ಇಡಿಟಿಎ ಎಂಬ ಎರಡು ಹೆಸರುಗಳನ್ನು ಬೇರೆ ಬೇರೆ ಇಟ್ಟುಕೊಳ್ಳಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಸೀಸದ ವಿಷಕ್ಕೆ ಕೊಡುವುದು ಎರಡನೆಯದು. ಅದರ ಇಕ್ಕಳದಲ್ಲಿ ಮೊದಲೇ ಕ್ಯಾಲ್ಸಿಯಂ ಕೂತಿರುತ್ತದೆ, ಸೀಸ ಸಿಕ್ಕಾಗ ಅದನ್ನು ಬಿಟ್ಟು ಸೀಸವನ್ನು ಹಿಡಿಯುತ್ತದೆ. ಮೊದಲನೆಯದರ ಇಕ್ಕಳ ಖಾಲಿ. ಒಳಗೆ ಹೋದ ಕೂಡಲೇ ರಕ್ತದ ಕ್ಯಾಲ್ಸಿಯಂ ಅನ್ನೇ ಕಚ್ಚುತ್ತದೆ. ಹೃದಯದ ಬಡಿತ ತಪ್ಪುತ್ತದೆ, ನಿಲ್ಲಲೂಬಹುದು. ಅಮೆರಿಕದಲ್ಲಿ 2003ರಿಂದ 2005ರ ನಡುವೆ ಹೀಗೆ ಸತ್ತ ಮೂವರ ವಿವರವನ್ನು ಅಲ್ಲಿನ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2006ರಲ್ಲಿ ಪ್ರಕಟಿಸಿತು. ಇಬ್ಬರು ಮಕ್ಕಳು. ಟೆಕ್ಸಾಸ್‌ನ ಎರಡು ವರ್ಷದ ಹುಡುಗಿಗೆ ಆಸ್ಪತ್ರೆಯಲ್ಲಿ ಒಂದರ ಬದಲು ಇನ್ನೊಂದು ಹೋಗಿತ್ತು. ಪೆನ್ಸಿಲ್ವೇನಿಯದ ಐದು ವರ್ಷದ ಹುಡುಗನಿಗೆ ಆಟಿಸಂ ಇತ್ತು, ಅದು ವಾಸಿಯಾಗಲೆಂದು ಕೀಲೇಷನ್ ಮಾಡಿಸಿದ್ದರು. ಅಕ್ಕನಿಗೆ ಇದನ್ನು ಓದಿ ಹೇಳುವಾಗ ನನ್ನ ದನಿ ನಡುಗಿತು. ಅವಳ ಫೈಲಿನ ಡ್ರಿಪ್ ಚೀಟಿಯಲ್ಲಿ ಬರೆದದ್ದು ಬರೀ ‘ಇಡಿಟಿಎ’, ಯಾವುದು ಎಂಬುದಿಲ್ಲ.

ಅಂಕಿ ಯಾವುದು

ಸೀಸಕ್ಕೆ ಒಪ್ಪಿತವಾದ ಪರೀಕ್ಷೆ ಒಂದೇ. ತೋಳಿನ ರಕ್ತನಾಳದಿಂದ ತೆಗೆದ ರಕ್ತದಲ್ಲಿ ಎಷ್ಟು ಸೀಸವಿದೆ ಎಂದು ಅಳೆಯುವುದು. ಬೆರಳು ಚುಚ್ಚಿ ತೆಗೆದರೆ ಚರ್ಮದ ಮೇಲಿನ ಧೂಳು ಸೇರಿ ಅಂಕಿ ಸುಳ್ಳಾಗಿ ಏರಬಹುದು. ಹಾಗೆ ಏರಿ ಬಂದರೆ ರಕ್ತನಾಳದ ರಕ್ತದಿಂದ ಖಚಿತ ಮಾಡಿಕೊಳ್ಳಬೇಕು.

ಒಂದು ಡೆಸಿಲೀಟರ್ ರಕ್ತದಲ್ಲಿ ಎಷ್ಟು ಮೈಕ್ರೋಗ್ರಾಂ ಎಂಬುದು ಲೆಕ್ಕ. ಸಿಡಿಸಿ 2021ರಲ್ಲಿ ಇಟ್ಟ ಗಡಿ 3.5. ಮಗುವಿಗೆ ಎಲ್ಲಿಂದಲೋ ಸೀಸ ಸಿಗುತ್ತಿದೆ, ಮೂಲ ಹುಡುಕಿ ಎಂದು ಹೇಳುವ ಗಂಟೆ ಅದು, ಔಷಧದ ಗಡಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮೂಲ ಹುಡುಕಲು ಹೇಳುವುದು 5ರಿಂದ. ಮಕ್ಕಳಿಗೆ ಕೀಲೇಷನ್ ಔಷಧದ ಶಿಫಾರಸು ಇರುವುದು 45 ಮತ್ತು ಅದಕ್ಕಿಂತ ಮೇಲೆ. 70 ದಾಟಿದರೆ, ಅಥವಾ ಸೀಸದಿಂದ ಫಿಟ್ಸ್, ಮಂಪರು ಶುರುವಾದರೆ ತುರ್ತು ಪರಿಸ್ಥಿತಿ, ಐಸಿಯು ಕೆಲಸ. ಹಾಗೆಂದಮಾತ್ರಕ್ಕೆ 45ರ ಕೆಳಗಿನ ಸೀಸ ನಿರಪಾಯಕಾರಿಯಲ್ಲ. ಮಕ್ಕಳಿಗೆ ಇಷ್ಟು ಸೀಸ ಪರವಾಗಿಲ್ಲ ಎನ್ನುವ ಮಟ್ಟವೇ ಇಲ್ಲ.

ಹಾಗಾದರೆ 20, 30 ಇದ್ದವರಿಗೂ ಔಷಧ ಕೊಟ್ಟುಬಿಡಬಾರದೇ? ನನಗೂ ಇದೇ ಪ್ರಶ್ನೆ ಬಂತು. ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಅಮೆರಿಕದಲ್ಲಿ 20ರಿಂದ 44ರವರೆಗೆ ಸೀಸವಿದ್ದ 780 ಎಳೆಯ ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಸಕ್ಸಿಮರ್ ಎಂಬ ಕೀಲೇಷನ್ ಔಷಧ, ಉಳಿದವರಿಗೆ ಹುಸಿಮಾತ್ರೆ ಕೊಟ್ಟರು. ಸಕ್ಸಿಮರ್ ತೆಗೆದುಕೊಂಡವರ ರಕ್ತದ ಸೀಸ ಬೇಗ ಇಳಿಯಿತು. ಬುದ್ಧಿ, ನಡವಳಿಕೆಯ ಪರೀಕ್ಷೆಗಳಲ್ಲಿ ಮಾತ್ರ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. 2001ರಲ್ಲಿ ಫಲಿತಾಂಶ ಬಂತು. ಮಕ್ಕಳು ಏಳು ವರ್ಷದವರಾದಾಗ ಮತ್ತೆ ನೋಡಿದರು, ಆಗಲೂ ಅದೇ. ರಕ್ತದ ಅಂಕಿ ಇಳಿಸುವುದು ಬೇರೆ, ಮಿದುಳಿಗೆ ಆದ ಹಾನಿ ತಿರುಗಿಸುವುದು ಬೇರೆ. ಈ ಒಂದು ಅಧ್ಯಯನ ಅರ್ಥವಾದ ಮೇಲೆ ನನಗೆ ಉಳಿದದ್ದಕ್ಕೆಲ್ಲ ದಾರಿ ಕಂಡಿತು.

ಇಳಿದ ಅಂಕಿ ಮತ್ತೆ ಏರುವುದೂ ಉಂಟು. ರಕ್ತದ ಸೀಸ ಸುಮಾರು ಒಂದು ತಿಂಗಳಿಗೆ ಅರ್ಧವಾಗುತ್ತದೆ. ಮೈಯೊಳಗಿನ ಸೀಸದ ದೊಡ್ಡ ಪಾಲು ಮಾತ್ರ ಮೂಳೆಯಲ್ಲಿ ಕೂತಿರುತ್ತದೆ, ಅಲ್ಲಿ ಅದು ದಶಕಗಟ್ಟಲೆ ಉಳಿಯಬಲ್ಲದು. ರಕ್ತ ತೊಳೆದರೆ ಮೂಳೆಯಿಂದ ಮತ್ತೆ ಒಸರುತ್ತದೆ.

ಅಕ್ಕನ ರಿಪೋರ್ಟಿನ ಕೆಂಪು ಪಟ್ಟಿ

ಆ ಮೂತ್ರ ಪರೀಕ್ಷೆಗೆ ಮುಂಚೆ ಹುಡುಗನಿಗೆ ಒಂದು ಮಾತ್ರೆ ನುಂಗಿಸಿದ್ದರು. ಅದೇ ಕೀಲೇಷನ್ ಔಷಧ. ಪಾತಾಳಗರಡಿ ಇಳಿಸಿ ಎಳೆದರೆ ಯಾವ ಹಳೇ ಬಾವಿಯಲ್ಲಾದರೂ ಒಂದು ಕೊಡವೋ ತಂಬಿಗೆಯೋ ಸಿಕ್ಕೇ ಸಿಗುತ್ತದೆ. ನಮ್ಮೆಲ್ಲರ ಮೈಯಲ್ಲೂ ಚೂರುಪಾರು ಸೀಸ, ಪಾದರಸ ಇದ್ದೇ ಇವೆ, ಔಷಧ ಕೊಟ್ಟು ಎಳೆದರೆ ಮೂತ್ರಕ್ಕೆ ಬರುತ್ತವೆ. ಆಮೇಲೆ ಆ ಅಂಕಿಯನ್ನು ಔಷಧ ತೆಗೆದುಕೊಳ್ಳದವರ ಅಳತೆಯ ಪಕ್ಕ ಇಟ್ಟರೆ ಎಲ್ಲ ಮಕ್ಕಳ ಪಟ್ಟಿಯೂ ಕೆಂಪೇ. ಹೀಗೆ ಎಳೆದು ತೆಗೆದ ಮೂತ್ರಕ್ಕೆ ‘ಸಾಮಾನ್ಯ’ ಎನ್ನುವ ಒಪ್ಪಿತ ಅಳತೆ ಇಲ್ಲವೇ ಇಲ್ಲ. ಅಮೆರಿಕದ ವಿಷವೈದ್ಯರ ಸಂಘ ಈ ಪರೀಕ್ಷೆಗೆ ವೈಜ್ಞಾನಿಕ ಆಧಾರವಿಲ್ಲವೆಂದು ಸ್ಪಷ್ಟವಾಗಿ ಬರೆದಿದೆ. ಅಕ್ಕ ಈ ಒಂದು ಕಾಗದಕ್ಕೆ ಕೊರಳಿನ ಸರ ಒತ್ತೆ ಇಟ್ಟಿದ್ದಳು. ನನಗೆ ಸಿಟ್ಟು ಬಂದದ್ದು ಅಲ್ಲಿ, ಇವತ್ತಿಗೂ ಇಳಿದಿಲ್ಲ.

ಕೂದಲಿನ ಪರೀಕ್ಷೆಯೂ ಹಾಗೇ. 2001ರಲ್ಲಿ ಒಬ್ಬರದೇ ಕೂದಲನ್ನು ಆರು ಪ್ರಯೋಗಾಲಯಗಳಿಗೆ ಕಳಿಸಿ ನೋಡಿದಾಗ ಫಲಿತಾಂಶಗಳು ಒಂದಕ್ಕೊಂದು ತಾಳೆಯಾಗಲಿಲ್ಲ.

ಆಟಿಸಂಗೂ ಲೋಹಕ್ಕೂ ಗಂಟು ಬಿದ್ದದ್ದು ಲಸಿಕೆಯ ದಿಗಿಲಿನಿಂದ. ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಯನ್ನು ಆಟಿಸಂ ಜೊತೆ ಜೋಡಿಸಿದ 1998ರ ಲೇಖನವನ್ನು ಲ್ಯಾನ್ಸೆಟ್ ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು. ಕೆಲವು ಲಸಿಕೆ ಕೆಡದಂತೆ ಬೆರೆಸುವ, ಪಾದರಸವಿರುವ ಥಯೋಮರ್ಸಾಲ್ ಬಗ್ಗೆಯೂ ಮಾತೆದ್ದಿತು, ಅದು ಎಂಎಂಆರ್‌ನಲ್ಲಿ ಎಂದೂ ಇರಲಿಲ್ಲ. ಆಟಿಸಂಗೆ ಕೀಲೇಷನ್ ಕೊಟ್ಟು ನೋಡುವ ಪ್ರಯೋಗವೊಂದನ್ನು ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆ ಯೋಜಿಸಿ, 2008ರಲ್ಲಿ ಕೈಬಿಟ್ಟಿತು. ಕಾರಣವಾಗಿ ಹೇಳಿದ್ದರಲ್ಲಿ ಇಲಿಗಳ ಮೇಲಿನ ಒಂದು ಅಧ್ಯಯನವಿತ್ತು. ಸೀಸ ತಿಂದ ಇಲಿಗಳಿಗೆ ಸಕ್ಸಿಮರ್ ಉಪಕಾರ ಮಾಡಿತು, ಸೀಸವೇ ಇಲ್ಲದ ಇಲಿಮರಿಗಳಿಗೆ ಕೊಟ್ಟಾಗ ಅವುಗಳ ಕಲಿಯುವ ಶಕ್ತಿಗೇ ಬಹುಕಾಲ ಪೆಟ್ಟು ಬಿತ್ತು. ನಡೆದ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2015ರ ಪರಿಶೀಲನೆಯಲ್ಲೂ ಆಟಿಸಂಗೆ ಕೀಲೇಷನ್‌ನಿಂದ ಪ್ರಯೋಜನವಿದೆ ಎನ್ನಲು ಪುರಾವೆ ಸಿಗಲಿಲ್ಲ.

ಆದರೆ ಇಷ್ಟು ಓದಿ ‘ಕೀಲೇಷನ್ ಅಂದ್ರ ಕೆಟ್ಟದ್ದು’ ಎಂದು ವಾರ್ಡಿನಲ್ಲಿ ಹೇಳಿಬಿಡಬೇಡಿ, ಕೈ ಮುಗಿದು ಕೇಳುತ್ತೇನೆ. ಪದೇ ಪದೇ ರಕ್ತ ಹಾಕಿಸಿಕೊಳ್ಳುವ ಥಲಸ್ಸೀಮಿಯ ಮಕ್ಕಳಿಗೆ ಕಬ್ಬಿಣ ಹೊರಹಾಕುವ ಡೆಫೆರಾಸಿರಾಕ್ಸ್ ಕೂಡ ಕೀಲೇಷನ್ ಔಷಧವೇ. ಅದು ತಪ್ಪಿದರೆ ಹೃದಯ, ಯಕೃತ್ತಿನಲ್ಲಿ ಕಬ್ಬಿಣ ತುಂಬಿ ಮಗು ಉಳಿಯುವುದಿಲ್ಲ. ವಿಲ್ಸನ್ ಕಾಯಿಲೆಯಲ್ಲಿ ತಾಮ್ರ ತೆಗೆಯುವ ಪೆನಿಸಿಲಮೈನ್ ಕೂಡ ಹಾಗೇ, 1956ರಿಂದ ಜೀವ ಉಳಿಸುತ್ತ ಬಂದಿದೆ. ಆ ತಾಯಂದಿರು ಅರ್ಧ ಮಾತು ಕೇಳಿ ಮಾತ್ರೆ ನಿಲ್ಲಿಸಬಾರದು.

ಸೀಸದ ಔಷಧಗಳಲ್ಲಿ ನಮ್ಮ ಕೆಲಸಕ್ಕೆ ಬೇಕಾದಷ್ಟು ಹೇಳಿ ಮುಗಿಸುತ್ತೇನೆ. ಸಕ್ಸಿಮರ್ ಬಾಯಿಂದ ಕೊಡುವುದು, ಐದು ದಿನ ಎಂಟು ಗಂಟೆಗೊಮ್ಮೆ, ಆಮೇಲೆ ಹದಿನಾಲ್ಕು ದಿನ ಹನ್ನೆರಡು ಗಂಟೆಗೊಮ್ಮೆ. ಕ್ಯಾಪ್ಸೂಲ್ ಒಡೆದರೆ ಕೊಳೆತ ಮೊಟ್ಟೆಯ ವಾಸನೆ, ತಾಯಿಗೆ ಮೊದಲೇ ಹೇಳಿರಿ. ಬಿಳಿ ರಕ್ತಕಣ, ಯಕೃತ್ತಿನ ಪರೀಕ್ಷೆ ನೋಡುತ್ತಿರಬೇಕು. ಇನ್ನೊಂದು ಕೀಲೇಷನ್ ಔಷಧ ಬಿಎಎಲ್ (ಡೈಮರ್ಕ್ಯಾಪ್ರಾಲ್), ಈ ಚುಚ್ಚುಮದ್ದು ಶೇಂಗಾ ಎಣ್ಣೆಯಲ್ಲಿರುತ್ತದೆ. ಶೇಂಗಾ ಹಿಂಡಿ ಇಲ್ಲದೆ ರೊಟ್ಟಿ ತಿನ್ನದ ನಮ್ಮ ಕಡೆ ಶೇಂಗಾ ಅಲರ್ಜಿ ಕೇಳಬೇಕೆಂಬುದೇ ನೆನಪಾಗುವುದಿಲ್ಲ, ಕೇಳಲೇಬೇಕು. ಬಿಎಎಲ್ ನಡೆಯುವಾಗ ಕಬ್ಬಿಣದ ಸಿರಪ್ ನಿಲ್ಲಿಸಬೇಕು, ಎರಡೂ ಸೇರಿ ವಿಷವಾಗುತ್ತವೆ. ಮಿದುಳಿಗೆ ಬಾವು ಬಂದ ಮಗುವಿಗೆ ಮೊದಲು ಬಿಎಎಲ್, ನಾಲ್ಕು ಗಂಟೆ ಬಿಟ್ಟು ಕ್ಯಾಲ್ಸಿಯಂ ಡೈಸೋಡಿಯಂ ಇಡಿಟಿಎ.

ಮೂಲ ಹುಡುಕುವುದು

2010ರಲ್ಲಿ ನೈಜೀರಿಯದ ಜಾಂಫರಾದಲ್ಲಿ ಚಿನ್ನದ ಅದಿರನ್ನು ಮನೆಯಂಗಳದಲ್ಲಿ ಪುಡಿಮಾಡುತ್ತಿದ್ದರು. ಅದಿರಿನಲ್ಲಿ ಸೀಸವಿತ್ತು. ನಾನೂರಕ್ಕೂ ಹೆಚ್ಚು ಮಕ್ಕಳು ಸತ್ತರು. ಅಲ್ಲಿ ಕೀಲೇಷನ್ ಅನೇಕ ಜೀವ ಉಳಿಸಿತು, ಆದರೆ ಆ ಹಳ್ಳಿಗಳ ಅಂಗಳದ ಮಣ್ಣು ತೆಗೆದು ಸ್ವಚ್ಛ ಮಾಡಿದ ಮೇಲೆಯೇ ಚಿಕಿತ್ಸೆಗೆ ಅರ್ಥ ಬಂತು. ಸೀಸದ ಮನೆಗೇ ಮಗುವನ್ನು ವಾಪಸು ಕಳಿಸಿದರೆ ಔಷಧ ವ್ಯರ್ಥ.

ನಮ್ಮಲ್ಲಿ ಪೆಟ್ರೋಲಿನ ಸೀಸ 2000ದಲ್ಲಿ ಹೋಯಿತು. ಮನೆ ಬಣ್ಣಕ್ಕೆ 2016ರ ನಿಯಮ ಬಂದು, ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರುವಂತಿಲ್ಲ ಎಂದಾಯಿತು. ಹಳೇ ಬಾಗಿಲು, ಕಿಟಕಿಯ ಬಣ್ಣ ಮಾತ್ರ ಚಕ್ಕೆ ಏಳುತ್ತಲೇ ಇದೆ. ಬ್ಯಾಟರಿ ಬಿಚ್ಚಿ ಸೀಸ ಕರಗಿಸುವ ಜಾಗ, ಸೀಸ ಬೆರೆತ ತವರದಿಂದ ಮಾಡಿದ ಕಲಾಯಿ, ಬಣ್ಣ ಗಾಢವಾಗಲೆಂದು ಸೀಸದ ಕ್ರೋಮೇಟ್ ಬೆರೆಸಿದ ಬಿಡಿ ಅರಿಷಿಣ, ಕೆಲವು ಬಗೆಯ ಕುಂಕುಮ, ಸುರ್ಮಾ, ನಾಗಭಸ್ಮದಂಥ ಲೋಹದ ಔಷಧ, ಇವೆಲ್ಲ ಕೇಳಬೇಕಾದ ಹೆಸರು. ಪತ್ತಾರರ ಮನೆಯ ಮಗುವಾದರೆ ಕೆಡಿಎಂ ಬೆಸುಗೆಯನ್ನೂ ಕೇಳಿ. ಆ ಹೆಸರಿನಲ್ಲಿರುವುದೇ ಕ್ಯಾಡ್ಮಿಯಂ, ಅದಕ್ಕೆ ಕೀಲೇಷನ್ ಶಿಫಾರಸೇ ಇಲ್ಲ. ಮುಂಡರಗಿ ಕಡೆಯವರು ಬೋರ್‌ವೆಲ್ ನೀರಿನ ಫ್ಲೋರೈಡ್‌ಗೂ ಇದೇ ಡ್ರಿಪ್ ಆದೀತೇ ಎಂದು ಕೇಳುತ್ತಾರೆ. ಫ್ಲೋರೈಡ್ ಲೋಹವಲ್ಲ, ಏಡಿ ಅದನ್ನು ಹಿಡಿಯುವುದಿಲ್ಲ. ಅಲ್ಲಿ ಬದಲಿಸಬೇಕಾದ್ದು ನೀರು.

ಆಟಿಸಂ ಇರುವ ಮಕ್ಕಳು ಸಿಕ್ಕದ್ದನ್ನೆಲ್ಲ ಬಾಯಿಗೆ ಹಾಕುವುದು ಹೆಚ್ಚು. ಹಾಗಾಗಿ ಅವರಲ್ಲಿ ನಿಜವಾಗಿ ಸೀಸ ಹೆಚ್ಚಿರಬಹುದು, ರಕ್ತ ಪರೀಕ್ಷೆ ಮಾಡಿಸುವುದು ನ್ಯಾಯವೇ. ಅಕ್ಕನಿಗೆ ನಾನು ಹೇಳಿದ್ದು ಅದನ್ನೇ. ‘ಡ್ರಿಪ್ ಬ್ಯಾಡ. ರಕ್ತ ಕೊಡೂಣು.’

ರಿಪೋರ್ಟು ಬಂದ ದಿನ ಮಾಮಾ, ಅಂದರೆ ಅಕ್ಕನ ಗಂಡ, ಗದಗದಿಂದ ಫೋನು ಮಾಡಿದರು, ಗಾಬರಿಯಾಗಿತ್ತು. ‘ನಲವತ್ತೈದು ದಾಟಬಾರದು ಅಂದಿದ್ದಿ, ಇಲ್ಲಿ ನೂರಾ ಹನ್ನೆರಡು ಐತಲ್ಲವಾ!’ ಅಂಕಿಯ ಪಕ್ಕದ ಅಕ್ಷರ ಓದಿಸಿದೆ. ಲೀಟರಿಗೆ 112 ಮೈಕ್ರೋಗ್ರಾಂ. ಡೆಸಿಲೀಟರಿಗೆ ಎಂದರೆ 11.2. ಹತ್ತರಿಂದ ಭಾಗಿಸುವ ಈ ಲೆಕ್ಕ ತಪ್ಪಿದರೆ ಒಂದು ಮನೆ ನಿದ್ದೆಗೆಡುತ್ತದೆ, ಅದಕ್ಕೇ ಬರೆದಿಟ್ಟುಕೊಳ್ಳಿ. ಔಷಧದ ಗಡಿಗೆ ಬಹಳ ದೂರ, ಮೂಲ ಹುಡುಕುವ ಗಡಿಗಿಂತ ಮೇಲೆ. ಹಿಮೋಗ್ಲೋಬಿನ್ 9.1 ಇತ್ತು. ಕಬ್ಬಿಣ ಕಡಿಮೆಯಿದ್ದರೆ ಕರುಳು ಸೀಸವನ್ನು ಹೆಚ್ಚು ಹೀರುತ್ತದೆ, ಮಕ್ಕಳ ವೈದ್ಯರು ಸಿರಪ್ ಬರೆದುಕೊಟ್ಟರು.

ಒಂದೊಂದೇ ಪ್ರಶ್ನೆ ಕೇಳುತ್ತ ಹೋದೆ. ಮಣ್ಣು, ಸುಣ್ಣ ತಿಂತಾನೇನು? ಇಲ್ಲ. ಗ್ವಾಡಿ ಬಣ್ಣ ಕೆರೀತಾನೇನು? ಇಲ್ಲ. ಅರಿಷಿಣ ಮನೆಯಲ್ಲೇ ಕುಟ್ಟಿಸಿದ್ದು. ಭಸ್ಮ, ಲೇಹ್ಯ ಕೊಟ್ಟಿಲ್ಲ. ಮಾಮಾ ಇನ್ವರ್ಟರ್ ಬ್ಯಾಟರಿ ರಿಪೇರಿ ಮಾಡುತ್ತಾರೆ, ಪ್ಲೇಟು ಬಿಚ್ಚುತ್ತಾರೆ. ಅದು ನನಗೆ ಹುಟ್ಟಿದಾಗಿನಿಂದ ಗೊತ್ತಿದ್ದ ಹಾಗಿತ್ತು, ಹಾಗಾಗಿ ಪ್ರಶ್ನೆ ಅನ್ನಿಸಿಯೇ ಇರಲಿಲ್ಲ. ಅಂಗಡಿ ಅಂಗಿ ಎಲ್ಲಿ ಬಿಚ್ಚತಾರ ಎಂದು ಕೇಳಿದೆ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಬಂದಕೂಡ್ಲೆ ಇವ ಓಡಿಬಂದು ಎದಿ ಮ್ಯಾಲ ಮಕ್ಕೊಂತಾನ. ಅಂಗಿ ಗುಂಡಿ ಬಾಯಾಗ ಹಿಡಕೊಂಡ ನಿದ್ದಿ ಮಾಡ್ತಾನ. ಯಾರ ಹತ್ರಾನೂ ಹೋಗದ ಹುಡುಗ, ಅವ್ರ ಹತ್ರ ಅಷ್ಟ ಹೋಗ್ತಾನಲ್ಲ ಅಂತ ನಾ ಬಿಡಸ್ತಿದ್ದಿಲ್ಲ.’

ಈಗ ಅಂಗಡಿಯ ಬಟ್ಟೆ ಅಂಗಡಿಯಲ್ಲೇ ಇರುತ್ತದೆ. ಮಾಮಾ ಅಲ್ಲೇ ಕೈಕಾಲು, ತಲೆ ತೊಳೆದು, ಬೇರೆ ಅಂಗಿ ಹಾಕಿಕೊಂಡು ಮನೆಗೆ ಬರುತ್ತಾರೆ. ಕಸಬರಿಗೆ ಬಿಟ್ಟು ಒದ್ದೆ ಬಟ್ಟೆಯಿಂದ ನೆಲ ಒರೆಸುತ್ತಾರೆ, ಒಣ ಗುಡಿಸಿದರೆ ಧೂಳು ಎದ್ದು ಮತ್ತೆ ಕೂರುತ್ತದೆ. ಮೂರು ತಿಂಗಳ ಮೇಲೆ ಮಾಡಿಸಿದ ಪರೀಕ್ಷೆಯಲ್ಲಿ ಸೀಸ 7.4, ಹಿಮೋಗ್ಲೋಬಿನ್ 10.6. ಡ್ರಿಪ್ಪಿಗೆಂದು ಎತ್ತಿಟ್ಟಿದ್ದ ದುಡ್ಡಿನಲ್ಲಿ ವಾರಕ್ಕೆರಡು ದಿನ ಸ್ಪೀಚ್ ಥೆರಪಿಗೆ ಬಸ್ಸು ಹತ್ತುತ್ತಾರೆ. ಹುಡುಗ ಸಂಜೆ ಅಪ್ಪನ ಎದೆಯ ಮೇಲೆ ಮಲಗುವುದು ನಿಂತಿಲ್ಲ, ತೊಳೆದ ಅಂಗಿಯ ಗುಂಡಿ ಹಿಡಿದುಕೊಂಡು ಮಲಗುತ್ತಾನೆ. ಮುಂದಿನ ರಕ್ತ ಪರೀಕ್ಷೆ ಯುಗಾದಿ ಆದಮೇಲೆ.