ಫಿಯೋನಾಳ ಪೇಪರ್: ಒಂದು ಚುಕ್ಕೆ ನಾಯಿಯ ಹೆಸರು ದಾಖಲಾಗಲು ಅಷ್ಟು ಗಲಾಟೆ ಯಾಕಾಯಿತು?

2010ರ ಜನವರಿಯಲ್ಲಿ, ಜಾತಿ ನಾಯಿಗಳ ವಂಶದ ಲೆಕ್ಕ ಇಡುವ ಲಂಡನ್ನಿನ ಕೆನಲ್ ಕ್ಲಬ್ ಒಂದು ಹೆಣ್ಣು ಡಾಲ್ಮೇಷಿಯನ್ ನಾಯಿಯ ಹೆಸರನ್ನು ತನ್ನ ದಾಖಲೆಗೆ ಸೇರಿಸಿಕೊಂಡಿತು. ಅಮೆರಿಕದಿಂದ ತರಿಸಿದ ನಾಯಿ. ಕಾಗದದಲ್ಲಿ ಅವಳ ಹೆಸರು ಫಿಯಾಕ್ರೆಸ್ ಫಸ್ಟ್ ಅಂಡ್ ಫೋರ್‌ಮೋಸ್ಟ್, ಮನೆಯಲ್ಲಿ ಕರೆಯುವುದು ಫಿಯೋನಾ. ಬಿಳಿ ಮೈ, ಮೈ ತುಂಬ ಚುಕ್ಕೆ. ನೀವಾಗಲಿ ನಾನಾಗಲಿ ನೋಡಿದರೆ ಡಾಲ್ಮೇಷಿಯನ್ ಅಂತಲೇ ಹೇಳುತ್ತೇವೆ. ಆದರೆ ಬ್ರಿಟನ್ನಿನ ಡಾಲ್ಮೇಷಿಯನ್ ಕ್ಲಬ್‌ಗಳು ಒಪ್ಪಲಿಲ್ಲ. ಇದು ಶುದ್ಧ ತಳಿಯಲ್ಲ, ಇದನ್ನು ಪುಸ್ತಕಕ್ಕೆ ಸೇರಿಸಬೇಡಿ ಎಂದು ಹಟ ಹಿಡಿದವು. ಮರುವರ್ಷ ಮಾರ್ಚ್‌ನಲ್ಲಿ ಅವಳು ಕ್ರಫ್ಟ್ಸ್ ಎಂಬ ಅಲ್ಲಿನ ದೊಡ್ಡ ನಾಯಿ ಶೋಗೆ ಹೋದಾಗ ಪತ್ರಿಕೆಗಳು 'ಬೆರಕೆ ನಾಯಿ' ಎಂದು ಬರೆದವು.

ಅವಳ ತಪ್ಪೇನು? ಅವಳ ಮುತ್ತಜ್ಜನ ಮುತ್ತಜ್ಜನಿಗಿಂತಲೂ ಹಿಂದೆ, 1973ರಲ್ಲಿ, ವಂಶದಲ್ಲಿ ಒಂದೇ ಒಂದು ಸಲ ಪಾಯಿಂಟರ್ ಎಂಬ ಬೇಟೆ ತಳಿಯ ಒಂದು ನಾಯಿ ಬಂದಿತ್ತು. ಅಷ್ಟೇ.

ಆ ಪಾಯಿಂಟರ್ ಯಾಕೆ ಬೇಕಾಯಿತು ಅನ್ನುವುದರಲ್ಲಿ ಇಡೀ ಕಥೆ ಇದೆ, ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಮೈಸೂರಿನಲ್ಲಿ ನಾವಿದ್ದ ಬೀದಿಯ ಕೊನೆ ಮನೆಯಲ್ಲಿ ಒಂದು ಗಂಡು ಡಾಲ್ಮೇಷಿಯನ್ ಇತ್ತು. ಒಂದು ಬೇಸಿಗೆಯಲ್ಲಿ ಅದು ಲೈಟ್ ಕಂಬದ ಹತ್ತಿರ ಕಾಲೆತ್ತಿ ನಿಂತರೆ ನಿಂತೇ ಇರುತ್ತಿತ್ತು. ತಿಣುಕುತ್ತಿತ್ತು, ಒಂದೆರಡು ಹನಿ ಬೀಳುತ್ತಿತ್ತು, ಮತ್ತೆ ನಾಲ್ಕು ಹೆಜ್ಜೆ ಹೋಗಿ ಮತ್ತೆ ಕಾಲೆತ್ತುತ್ತಿತ್ತು. ಮನೆಯವರು ಮೊದಲು ಉಷ್ಣ ಅಂದುಕೊಂಡು ಮಜ್ಜಿಗೆ ಕೊಟ್ಟರು. ಮೂರನೇ ದಿನ ಡಾಕ್ಟರ್ ಹತ್ತಿರ ಹೊತ್ತುಕೊಂಡು ಹೋದರು. ಮೂತ್ರನಾಳದಲ್ಲಿ ಕಲ್ಲು ಸಿಕ್ಕಿಕೊಂಡಿತ್ತು. ಆಪರೇಷನ್ ಆಯಿತು, ನಾಯಿ ಉಳಿಯಿತು. ಆ ನೋವನ್ನು ನೋಡಿದವರಿಗೆ ಈ ವಿಷಯ ಬರೀ ಪೇಪರ್ ಜಗಳ ಅನ್ನಿಸುವುದಿಲ್ಲ.

ಇದು ಆ ಒಂದು ನಾಯಿಯ ದುರದೃಷ್ಟ ಆಗಿರಲಿಲ್ಲ. ನಾವು ತಿನ್ನುವ ಮಾಂಸ, ಬೇಳೆಗಳಲ್ಲಿ ಪ್ಯೂರಿನ್ ಎಂಬ ಅಂಶ ಇರುತ್ತದೆ. ಮೈಯೊಳಗೆ ಅದು ಯೂರಿಕ್ ಆ್ಯಸಿಡ್ ಆಗುತ್ತದೆ. ಬಹುತೇಕ ನಾಯಿಗಳ ಲಿವರ್ ಅದನ್ನು ಅಲಂಟಾಯಿನ್ ಎಂಬ ಇನ್ನೊಂದು ವಸ್ತುವಾಗಿ ಬದಲಿಸುತ್ತದೆ. ಅಲಂಟಾಯಿನ್ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಸಲೀಸಾಗಿ ಹೊರಗೆ ಹೋಗುತ್ತದೆ. ಡಾಲ್ಮೇಷಿಯನ್‌ನ ಲಿವರ್‌ನಲ್ಲೂ ಈ ಕೆಲಸ ಮಾಡುವ ಕಿಣ್ವ ಇದೆ. ಆದರೆ ಯೂರಿಕ್ ಆ್ಯಸಿಡನ್ನು ಲಿವರ್‌ನ ಜೀವಕೋಶದ ಒಳಗೆ ದಾಟಿಸುವ ಪ್ರೋಟೀನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಗಿರಣಿ ಇದೆ, ಕಾಳನ್ನು ಒಳಗೆ ಹೊತ್ತು ಹಾಕುವವರು ಇಲ್ಲ, ಹಾಗೆ. ಕಿಡ್ನಿಯಲ್ಲೂ ಅದೇ ಪ್ರೋಟೀನ್ ಬೇಕು, ಅಲ್ಲೂ ಅದೇ ತೊಂದರೆ. ಹಾಗಾಗಿ ಯೂರಿಕ್ ಆ್ಯಸಿಡ್ ಮೂತ್ರದಲ್ಲಿ ಹಾಗೇ ಬಂದುಬಿಡುತ್ತದೆ, ಕೆಲವು ನಾಯಿಗಳಲ್ಲಿ ಕಲ್ಲು ಕಟ್ಟುತ್ತದೆ. ಗಂಡು ನಾಯಿಯ ಮೂತ್ರನಾಳ ಸಪೂರ, ಜೊತೆಗೆ ಶಿಶ್ನದ ಮೂಳೆಯ ಕೊರಕಲಿನಲ್ಲಿ ಹಾದುಹೋಗುತ್ತದೆ, ಕಲ್ಲು ಸಿಕ್ಕಿಕೊಳ್ಳುವುದು ಅಲ್ಲೇ. ಪೂರ್ತಿ ಕಟ್ಟಿಕೊಂಡು ತಕ್ಷಣ ಚಿಕಿತ್ಸೆ ಸಿಗದಿದ್ದರೆ ನಾಯಿ ಸಾಯುತ್ತದೆ.

ಡಾಲ್ಮೇಷಿಯನ್ ಮೂತ್ರ ಬೇರೆ ಥರ ಅನ್ನುವುದನ್ನು ಸ್ಟ್ಯಾನ್ಲಿ ಬೆನೆಡಿಕ್ಟ್ ಎಂಬ ವಿಜ್ಞಾನಿ 1916ರಲ್ಲೇ ಬರೆದಿದ್ದರು. ಬೇರೆ ತಳಿಯ ಜೊತೆ ಕೂಡಿಸಿ ನೋಡಿ, ಇದು ವಂಶವಾಹಿ ದೋಷ, ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ಮಾತ್ರ ಕಾಣಿಸುತ್ತದೆ ಎಂಬುದೂ 1938ರ ಹೊತ್ತಿಗೆ ಗೊತ್ತಾಗಿತ್ತು. ಅಂದರೆ ಒಬ್ಬರಿಂದ ಸರಿಯಾದ ಜೀನ್ ಸಿಕ್ಕಿದರೂ ಮರಿ ಆರಾಮ.

ಆದರೆ ಆ ಸರಿಯಾದ ಜೀನ್ ತರುವುದು ಎಲ್ಲಿಂದ? ಸಾಮಾನ್ಯವಾಗಿ ಒಂದು ತಳಿಯಲ್ಲಿ ಕಾಯಿಲೆ ಇದ್ದರೆ, ಆ ಕಾಯಿಲೆ ಇಲ್ಲದ ನಾಯಿಗಳನ್ನು ಆರಿಸಿ ಮರಿ ಮಾಡಿಸುತ್ತಾರೆ. ಡಾಲ್ಮೇಷಿಯನ್‌ನಲ್ಲಿ ಆರಿಸಲು ಯಾವುದೂ ಉಳಿದಿರಲಿಲ್ಲ. ಶುದ್ಧ ತಳಿಯ ಅಷ್ಟೂ ನಾಯಿಗಳಲ್ಲಿ ಕೆಟ್ಟ ಜೀನ್ ಜೋಡಿಯಾಗಿ ಕೂತಿತ್ತು. ಇದು ಹೇಗೆ ಆಯಿತು ಎಂಬುದಕ್ಕೆ ವಿಜ್ಞಾನಿಗಳು ಕೊಡುವ ಕಾರಣ ಹೀಗಿದೆ: ಸ್ಪಷ್ಟವಾದ, ದೊಡ್ಡ, ದುಂಡನೆಯ ಚುಕ್ಕೆ ಬೇಕು ಎಂದು ಬ್ರೀಡರ್‌ಗಳು ತಲೆಮಾರುಗಟ್ಟಲೆ ಆರಿಸುತ್ತ ಹೋದಾಗ, ಚುಕ್ಕೆಯ ಜೊತೆಗೇ ಈ ದೋಷವೂ ಬಂದು ಗಟ್ಟಿಯಾಗಿರಬಹುದು.

ಇಲ್ಲಿ ಪುಸ್ತಕದ ವಿಷಯ ಬರುತ್ತದೆ. ಬ್ರಿಟನ್ನಿನ ಕೆನಲ್ ಕ್ಲಬ್ ಶುರುವಾಗಿದ್ದು 1873ರಲ್ಲಿ, ಅಮೆರಿಕದ್ದು 1884ರಲ್ಲಿ. ಇವರ ಮುಖ್ಯ ಕೆಲಸ ಸ್ಟಡ್ ಬುಕ್ ಬರೆದಿಡುವುದು, ಅಂದರೆ ಯಾವ ನಾಯಿಗೆ ಅಪ್ಪ ಯಾರು ಅಮ್ಮ ಯಾರು ಎಂಬ ಲೆಕ್ಕ. ಒಮ್ಮೆ ಪುಸ್ತಕ ಮುಚ್ಚಿದರೆ, ಅದರೊಳಗಿರುವ ನಾಯಿಗಳ ಮರಿಗಳಿಗೆ ಮಾತ್ರ ಜಾಗ. ಬೇರೆ ದೇಶದಿಂದ ನಾಯಿ ತಂದರೆ, ಆ ದೇಶದ ಮಾನ್ಯ ಕ್ಲಬ್ ಕೊಟ್ಟ ಎಕ್ಸ್‌ಪೋರ್ಟ್ ಪೆಡಿಗ್ರಿ, ಅಂದರೆ ವಂಶಾವಳಿಯ ಕಾಗದ ತೋರಿಸಬೇಕು. ನಮ್ಮಲ್ಲೂ ಇದೇ ಪದ್ಧತಿ. ಚೆನ್ನೈನಲ್ಲಿರುವ ಕೆನಲ್ ಕ್ಲಬ್ ಆಫ್ ಇಂಡಿಯಾ ಶುರುವಾಗಿದ್ದು 1896ರಲ್ಲಿ. ಬೆಂಗಳೂರಿನಲ್ಲಿ ಮರಿ ಕೊಳ್ಳಲು ಹೋದರೆ ಮೊದಲು ಕಿವಿಗೆ ಬೀಳುವ ಮಾತೇ 'ಕೆಸಿಐ ಪೇಪರ್ ಇದೆ ಸಾರ್' ಅಲ್ವಾ? ಪೇಪರ್ ಇದ್ದರೆ ಒಂದು ರೇಟು, ಇಲ್ಲದಿದ್ದರೆ ಇನ್ನೊಂದು.

ಈ ಲೆಕ್ಕ ಬೇಡ ಅಂತ ನಾನು ಹೇಳುವುದಿಲ್ಲ. ಲೆಕ್ಕ ಇರುವುದರಿಂದಲೇ ಮೋಸ ಕಡಿಮೆ, ಯಾವ ಕಾಯಿಲೆ ಎಲ್ಲಿಂದ ಬಂತು ಎಂದು ಹುಡುಕಲು ದಾರಿ. ತೊಂದರೆ ಏನೆಂದರೆ, ಮುಚ್ಚಿದ ಪುಸ್ತಕದೊಳಗೆ ಎಲ್ಲರಿಗೂ ಒಂದೇ ದೋಷ ಇದ್ದಾಗ, ಪುಸ್ತಕದ ನಿಯಮ ಪಾಲಿಸುತ್ತಲೇ ಅದನ್ನು ಸರಿಮಾಡುವ ದಾರಿ ಇರುವುದಿಲ್ಲ.

ರಾಬರ್ಟ್ ಶೈಬಲ್ ಅಮೆರಿಕದ ಇಂಡಿಯಾನಾದಲ್ಲಿದ್ದ ತಳಿವಿಜ್ಞಾನಿ, ಡಾಲ್ಮೇಷಿಯನ್ ಸಾಕುತ್ತಿದ್ದವರೂ ಹೌದು. 1973ರಲ್ಲಿ ಅವರು ಒಂದು ಡಾಲ್ಮೇಷಿಯನ್ನನ್ನು ಒಂದು ಪಾಯಿಂಟರ್ ಜೊತೆ ಕೂಡಿಸಿದರು. ಪಾಯಿಂಟರ್ ಯಾಕೆಂದರೆ ಮೈಕಟ್ಟಿನಲ್ಲಿ ಅದು ಡಾಲ್ಮೇಷಿಯನ್‌ಗೆ ಹತ್ತಿರ. ಹುಟ್ಟಿದ ಮರಿಗಳನ್ನು ಮತ್ತೆ ಶುದ್ಧ ಡಾಲ್ಮೇಷಿಯನ್ ಜೊತೆ ಕೂಡಿಸಿದರು, ಅವುಗಳ ಮರಿಗಳಲ್ಲಿ ಮೂತ್ರ ಪರೀಕ್ಷೆ ಮಾಡಿ ಯೂರಿಕ್ ಆ್ಯಸಿಡ್ ಕಡಿಮೆ ಇದ್ದದ್ದನ್ನು ಮಾತ್ರ ಉಳಿಸಿಕೊಂಡು ಮತ್ತೆ ಡಾಲ್ಮೇಷಿಯನ್ ಜೊತೆ, ಹೀಗೆ ಮುಂದುವರಿಸಿದರು. ಇನ್ನೊಂದು ಸಲ ಪಾಯಿಂಟರ್ ತರಲಿಲ್ಲ. ಲೆಕ್ಕ ನೋಡಿ. ಮೊದಲ ಮರಿಗಳಲ್ಲಿ ಪಾಯಿಂಟರ್ ಪಾಲು ಅರ್ಧ, ಆಮೇಲೆ ಕಾಲು, ಆಮೇಲೆ ಅರ್ಧಕಾಲು. ಹತ್ತನೇ ತಲೆಮಾರಿಗೆ ಸರಾಸರಿ 1024ರಲ್ಲಿ ಒಂದು ಭಾಗ. ಉಳಿಸಿಕೊಳ್ಳಬೇಕಾದದ್ದು ಒಂದೇ, ಆ ಸರಿಯಾದ ಜೀನ್.

1981ರಲ್ಲಿ ಶೈಬಲ್ ಅವರು ಈ ಸಾಲಿನ ಎರಡು ನಾಯಿಗಳನ್ನು ದಾಖಲು ಮಾಡಲು ಕೇಳಿದರು. ಅಮೆರಿಕನ್ ಕೆನಲ್ ಕ್ಲಬ್ಬನ್ನು ಅಲ್ಲಿ ಎಕೆಸಿ ಅನ್ನುತ್ತಾರೆ, ಅದರ ಅಧ್ಯಕ್ಷ ಆಗ ವಿಲಿಯಂ ಸ್ಟಿಫೆಲ್. ತಳಿಯ ಲಕ್ಷಣ ಕೆಡದಂತೆ ಕಾಯಿಲೆ ಸರಿಮಾಡುವ ವೈಜ್ಞಾನಿಕ ದಾರಿ ಇದ್ದರೆ ಎಕೆಸಿಯೇ ಮುಂದೆ ನಿಲ್ಲಬೇಕು ಎಂಬ ಅರ್ಥದ ಮಾತನ್ನು ಅವರು ಹೇಳಿದರು. ಎರಡೂ ನಾಯಿಗಳ ಹೆಸರು ಪುಸ್ತಕಕ್ಕೆ ಸೇರಿತು. ವಿಷಯ ಅಲ್ಲಿಗೇ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಡಾಲ್ಮೇಷಿಯನ್ ಕ್ಲಬ್ ಆಫ್ ಅಮೆರಿಕ 1905ರಿಂದ ಇರುವ ಸಂಸ್ಥೆ, ತಳಿಯ ವಿಷಯದಲ್ಲಿ ಎಕೆಸಿ ಅದರ ಮಾತು ಕೇಳುತ್ತದೆ. ಆ ಕ್ಲಬ್ಬಿನ ಸದಸ್ಯರು ಸಿಟ್ಟಾದರು, ಮತ ಹಾಕಿ ವಿರೋಧಿಸಿದರು. ಎಕೆಸಿ ಆ ಎರಡು ನಾಯಿಗಳ ಮರಿಗಳನ್ನು ದಾಖಲು ಮಾಡುವುದನ್ನು ನಿಲ್ಲಿಸಿತು. ಆಮೇಲೆ ಕಾಲು ಶತಮಾನಕ್ಕಿಂತ ಜಾಸ್ತಿ ಕಾಲ ಶೈಬಲ್ ಮತ್ತು ಕೆಲವೇ ಕೆಲವು ಬ್ರೀಡರ್‌ಗಳು ಎಕೆಸಿ ಪೇಪರ್ ಇಲ್ಲದ ನಾಯಿಗಳ ಸಾಲನ್ನು ಉಳಿಸಿಕೊಂಡು ಬಂದರು. ಎಕೆಸಿ ಶೋಗೆ ಹೋಗುವಂತಿಲ್ಲ, ಒಳ್ಳೆಯ ಗಂಡು ನಾಯಿಯ ಯಜಮಾನರು ಕೂಡಿಸಲು ಒಪ್ಪುವುದು ಕಷ್ಟ. ಒಂದು ಸಲ ಸಾಲು ಕಡಿದರೆ ಮತ್ತೆ ಮೊದಲಿನಿಂದ. ನನಗೆ ಈ ಕಥೆಯಲ್ಲಿ ಜಾಸ್ತಿ ಗೌರವ ಇರುವುದು ಇವರ ಮೇಲೆ.

ವಿರೋಧಿಸಿದವರೂ ನಾಯಿಯನ್ನು ಪ್ರೀತಿಸುವವರೇ. ಅವರ ವಾದಗಳನ್ನು ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ. ಎಲ್ಲ ಡಾಲ್ಮೇಷಿಯನ್‌ಗಳಿಗೂ ಕಲ್ಲು ಕಟ್ಟುವುದಿಲ್ಲ, ನೀರು ಜಾಸ್ತಿ ಕೊಟ್ಟು, ಲಿವರ್‌ನಂಥ ಪ್ಯೂರಿನ್ ಹೆಚ್ಚಿರುವ ಮಾಂಸ ತಪ್ಪಿಸಿದರೆ ನಿಭಾಯಿಸಬಹುದು ಎಂದರು. ಪಾಯಿಂಟರ್‌ನಿಂದ ಹೊಸ ಕಾಯಿಲೆ ಬಂದರೆ ಏನು ಗತಿ ಎಂದರು. ಈ ಸಾಲಿನ ನಾಯಿಗಳ ಚುಕ್ಕೆ ಸಣ್ಣದು, ಅಂಚು ಸ್ಪಷ್ಟ ಇಲ್ಲ ಎಂದರು. ಕಿವುಡುತನ ಇದಕ್ಕಿಂತ ದೊಡ್ಡ ಸಮಸ್ಯೆ ಎಂದರು. ಈ ಕೊನೆಯ ಮಾತಿನಲ್ಲಿ ಹುರುಳಿದೆ. ಅಮೆರಿಕದ ಡಾಲ್ಮೇಷಿಯನ್‌ಗಳಲ್ಲಿ ಸುಮಾರು 30% ನಾಯಿಗಳಿಗೆ ಒಂದು ಕಿವಿಯಾದರೂ ಕೇಳುವುದಿಲ್ಲ ಎಂದು ಅಧ್ಯಯನಗಳು ಹೇಳಿವೆ. ಆದರೆ ಒಂದು ಕಾಯಿಲೆ ಇದೆ ಎಂದು ಇನ್ನೊಂದನ್ನು ಹಾಗೇ ಬಿಡಬೇಕು ಅನ್ನುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಒಂದಕ್ಕೆ ದಾರಿ ಕಣ್ಣೆದುರೇ ಇತ್ತಲ್ಲ.

ಬೇರೆ ತಳಿಗಳಲ್ಲಿ ಪುಸ್ತಕ ತೆರೆದ ಉದಾಹರಣೆಗಳೂ ಇವೆ. ಬಸೆಂಜಿ ಎಂಬ ಆಫ್ರಿಕಾದ ನಾಯಿ ಅಮೆರಿಕದಲ್ಲಿ ಬೆರಳೆಣಿಕೆಯ ನಾಯಿಗಳಿಂದ ಬೆಳೆದದ್ದು. ಅದರಲ್ಲಿ ಕಿಡ್ನಿ ಕಾಯಿಲೆ ಹೆಚ್ಚಾದಾಗ ಕೆಲವರು 1980ರ ದಶಕದ ಕೊನೆಯಲ್ಲಿ ಆಗಿನ ಝೈರ್‌ಗೇ ಹೋಗಿ ಅಲ್ಲಿನ ಹಳ್ಳಿಗಳಿಂದ ನಾಯಿ ತಂದರು. ಆ ನಾಯಿಗಳಿಗೆ ವಂಶಾವಳಿಯ ಕಾಗದ ಎಲ್ಲಿಂದ ಬರಬೇಕು? ಆದರೂ ತಳಿಯ ಕ್ಲಬ್ ಜೊತೆ ನಿಂತಿತು, 1990ರಲ್ಲಿ ಎಕೆಸಿ ಅವನ್ನು ಸೇರಿಸಿಕೊಂಡಿತು. ಇನ್ನು ಬ್ರಿಟನ್ನಿನಲ್ಲಿ ಬ್ರೂಸ್ ಕಟನಾಕ್ ಎಂಬ ತಳಿವಿಜ್ಞಾನಿ 1990ರ ದಶಕದಲ್ಲಿ ಬಾಕ್ಸರ್ ನಾಯಿಯನ್ನು ಕಾರ್ಗಿ ಎಂಬ ಕುಳ್ಳ ತಳಿಯ ಜೊತೆ ಕೂಡಿಸಿ, ಹುಟ್ಟಿನಿಂದಲೇ ಮೋಟು ಬಾಲ ಇರುವ ಬಾಕ್ಸರ್ ಮಾಡಿದರು. ಬಾಲ ಕತ್ತರಿಸುವುದಕ್ಕೆ ಕಡಿವಾಣ ಬೀಳುತ್ತಿದ್ದ ಕಾಲ ಅದು. ನಾಲ್ಕೇ ತಲೆಮಾರಿನಲ್ಲಿ ಕೆನಲ್ ಕ್ಲಬ್ ಅವನ್ನು ಬಾಕ್ಸರ್ ಎಂದೇ ದಾಖಲು ಮಾಡಿತು. ಕುಳ್ಳ ಕಾರ್ಗಿಯ ರಕ್ತ ನಾಲ್ಕು ತಲೆಮಾರಿಗೆ ಸರಿಹೋಯಿತು. ಪಾಯಿಂಟರ್ ರಕ್ತ ಹತ್ತಕ್ಕೂ ಹೆಚ್ಚು ತಲೆಮಾರು ಕಳೆದರೂ ಕೆಲವರ ಕಣ್ಣಿಗೆ ಸರಿಹೋಗಲಿಲ್ಲ. ಬಾಲದ ಅಂದಕ್ಕೆ ಸಿಕ್ಕ ಅವಕಾಶ ಕಲ್ಲಿನ ನೋವಿಗೆ ಅಷ್ಟು ಬೇಗ ಸಿಗಲಿಲ್ಲ ಅನ್ನುವುದು ನನಗೆ ಇವತ್ತಿಗೂ ಬೇಸರದ ವಿಷಯ.

2008 ಎಲ್ಲವನ್ನೂ ಅಲ್ಲಾಡಿಸಿತು. ಆ ವರ್ಷ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದಲ್ಲಿ ಡ್ಯಾನಿಕಾ ಬನಾಶ್ ಅವರ ತಂಡ ದೋಷ ಇರುವುದು ಎಸ್‌ಎಲ್‌ಸಿ2ಎ9 ಎಂಬ ಜೀನ್‌ನಲ್ಲಿ ಎಂದು ಪತ್ತೆ ಮಾಡಿತು. ಮನುಷ್ಯರಲ್ಲಿ ಯೂರಿಕ್ ಆ್ಯಸಿಡ್ ಹೆಚ್ಚಾಗಿ ಗೌಟ್ ಎಂಬ ಕೀಲುನೋವು ಬರುವುದಕ್ಕೂ ಇದೇ ಜೀನ್‌ಗೂ ನಂಟಿದೆ. ಈಗ ಮೂತ್ರ ಹಿಡಿದು ಅಳೆಯುವ ಕಷ್ಟ ಬೇಡ, ಡಿಎನ್‌ಎ ಪರೀಕ್ಷೆಯಲ್ಲೇ ಗೊತ್ತಾಗುತ್ತದೆ. ಅದೇ ವರ್ಷ ಬ್ರಿಟನ್ನಿನಲ್ಲಿ ಬಿಬಿಸಿ ಒಂದು ಸಾಕ್ಷ್ಯಚಿತ್ರ ತೋರಿಸಿತು. ಚೆಂದಕ್ಕಾಗಿ ಬೆಳೆಸಿದ ಜಾತಿ ನಾಯಿಗಳು ಎಷ್ಟು ನರಳುತ್ತವೆ ಎಂಬುದನ್ನು ಜನ ಮನೆಯಲ್ಲೇ ಕೂತು ನೋಡಿದರು. ದೊಡ್ಡ ಗಲಾಟೆಯಾಯಿತು. 2009ರಲ್ಲಿ ಬಿಬಿಸಿ ಕ್ರಫ್ಟ್ಸ್ ಪ್ರಸಾರವನ್ನೇ ಬಿಟ್ಟಿತು. 2010ರ ಜನವರಿಯಲ್ಲಿ ಪ್ಯಾಟ್ರಿಕ್ ಬೇಟ್ಸನ್ ಎಂಬ ಜೀವವಿಜ್ಞಾನಿಯ ವಿಚಾರಣಾ ವರದಿ ಬಂತು, ನಾಯಿ ತಳಿಗಳ ಆರೋಗ್ಯದ ಬಗ್ಗೆ ಖಡಾಖಂಡಿತ ಮಾತುಗಳಿದ್ದವು.

ಫಿಯೋನಾಳ ಅರ್ಜಿ ಕೆನಲ್ ಕ್ಲಬ್ ಮುಂದೆ ಇದ್ದದ್ದು ಈ ಬಿಸಿಯ ನಡುವೆ. ಅವಳಿಗೆ ಎಕೆಸಿ ಪೇಪರ್ ಇರಲು ಸಾಧ್ಯವೇ ಇರಲಿಲ್ಲ, ಯಾಕೆಂದರೆ ಎಕೆಸಿ ಆ ಸಾಲಿಗೆ ಬಾಗಿಲು ಮುಚ್ಚಿತ್ತು. ತನ್ನ ದೇಶದ ಕ್ಲಬ್ಬೇ ಒಪ್ಪದ ನಾಯಿಯನ್ನು ನಾವು ಯಾಕೆ ಒಪ್ಪಬೇಕು ಎಂದು ಕೇಳುವುದು ಅಲ್ಲಿನ ಬ್ರೀಡರ್‌ಗಳಿಗೆ ಸುಲಭವಾಯಿತು. ಆದರೂ ಕೆನಲ್ ಕ್ಲಬ್ ತನ್ನ ಅಧಿಕಾರ ಬಳಸಿ ಒಪ್ಪಿತು. ಬೇರೆ ತಳಿ ಬೆರೆತದ್ದನ್ನು ತೋರಿಸುವ ನಕ್ಷತ್ರ ಗುರುತು ಹೆಸರಿನ ಪಕ್ಕ ಇರಬೇಕು, ಅವಳ ಮರಿಗಳ ಮೇಲೆ ಕಣ್ಣಿಡಬೇಕು ಎಂದಾಯಿತು. ಇದು ಸರಿಯಾದ ನಡೆ ಅಂತಲೇ ನನ್ನ ಅಭಿಪ್ರಾಯ. ಪುಸ್ತಕದಲ್ಲಿ ಸುಳ್ಳು ಬರೆಯಲಿಲ್ಲ, ಪಾಯಿಂಟರನ್ನು ಮುಚ್ಚಿಡಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಬರೆದು ಒಳಗೆ ಕರೆದುಕೊಂಡರು.

ಅಮೆರಿಕದಲ್ಲೂ ಗಾಳಿ ತಿರುಗಿತು. 2011ರ ಜುಲೈನಲ್ಲಿ ಎಕೆಸಿ ಈ ಸಾಲಿನ ನಾಯಿಗಳನ್ನು ದಾಖಲು ಮಾಡಲು ಒಪ್ಪಿತು. ಮೊದಲ ಎರಡು ನಾಯಿಗಳಿಗೆ ಜಾಗ ಕೊಟ್ಟು 30 ವರ್ಷವಾಗಿತ್ತು. ಅಷ್ಟರಲ್ಲಿ ಅದೆಷ್ಟು ಗಂಡು ನಾಯಿಗಳು ಕಂಬದ ಹತ್ತಿರ ಕಾಲೆತ್ತಿ ನಿಂತಿದ್ದವೋ.

ಈಗ ಇವನ್ನು ಎಲ್‌ಯುಎ ಡಾಲ್ಮೇಷಿಯನ್ ಅನ್ನುತ್ತಾರೆ, ಅಂದರೆ ಯೂರಿಕ್ ಆ್ಯಸಿಡ್ ಕಡಿಮೆ ಇರುವವು. ಒಂದು ಸರಿಯಾದ ಜೀನ್ ಇರುವ ನಾಯಿಯನ್ನು ಮಾಮೂಲಿ ಡಾಲ್ಮೇಷಿಯನ್ ಜೊತೆ ಕೂಡಿಸಿದರೆ ಸರಾಸರಿ ಅರ್ಧ ಮರಿಗಳು ಎಲ್‌ಯುಎ, ಉಳಿದರ್ಧ ಹಳೆಯ ಥರ. ಒಂದೇ ಸೂಲಿನ ಮರಿಗಳು, ಹೊರಗಿನಿಂದ ನೋಡಿದರೆ ಯಾವುದು ಯಾವುದು ಎಂದು ಹೇಳಲಾಗುವುದಿಲ್ಲ, ಪರೀಕ್ಷೆಯೇ ಬೇಕು.

ನಮ್ಮೂರಲ್ಲಿ ಡಾಲ್ಮೇಷಿಯನ್ ಸಾಕಿರುವವರಿಗೆ ಒಂದು ಮಾತು. ಪೇಪರ್ ಎಷ್ಟೇ ಚೆನ್ನಾಗಿರಲಿ, ಎಲ್‌ಯುಎ ಎಂದು ಡಿಎನ್‌ಎ ಪರೀಕ್ಷೆಯ ವರದಿ ಇಲ್ಲದಿದ್ದರೆ ನಿಮ್ಮ ನಾಯಿಗೆ ಈ ದೋಷ ಇದೆ ಎಂದೇ ತಿಳಿದುಕೊಳ್ಳಿ. ನೀರಿನ ಬಟ್ಟಲು ಸದಾ ತುಂಬಿರಲಿ, ಅನ್ನಕ್ಕೂ ಒಂದಿಷ್ಟು ನೀರು ಬೆರೆಸಿ ಹಾಕಿ, ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ ಅಂತ ಲಿವರ್ ತಂದು ಹಾಕಬೇಡಿ. ದಿನಕ್ಕೆ ನಾಲ್ಕೈದು ಸಲ ಹೊರಗೆ ಕರೆದುಕೊಂಡು ಹೋಗಿ. ಗಂಡು ನಾಯಿ ಕಾಲೆತ್ತಿ ನಿಂತಾಗ ಫೋನ್ ನೋಡುತ್ತ ನಿಲ್ಲದೆ ಧಾರೆ ಹೇಗೆ ಬರುತ್ತಿದೆ ಎಂದು ನೋಡಿ. ಹನಿ ಹನಿಯಾಗಿ ಬಂದರೆ ಅಥವಾ ಕೆಂಪಗಿದ್ದರೆ ಮಜ್ಜಿಗೆ ಕೊಟ್ಟು ಕಾಯಬೇಡಿ, ಅವತ್ತೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.