ಗುಡಿ ಮುಚ್ಚಿದಾಗ ಏನು ಉಳಿಯಿತು?

ಪ್ರಾಚೀನ ಪಶ್ಚಿಮ ಏಷ್ಯಾದ ಪುರಾತತ್ತ್ವ ಪಾಠ ಮಾಡುವವರಿಗೆ ಒಂದು ಪ್ರಶ್ನೆ ತಪ್ಪಿದ್ದಲ್ಲ. ‘ಮೇಡಂ, ಆ ಮಂಜೂಷ ಈಗ ಎಲ್ಲಿದೆ?’ ಮೋಶೆಗೆ ಸಿಕ್ಕ ಹತ್ತು ಆಜ್ಞೆಗಳ ಕಲ್ಲಿನ ಹಲಗೆಗಳನ್ನು ಇಟ್ಟಿದ್ದರು ಅನ್ನುವ ಜಾಲೀಮರದ ಪೆಟ್ಟಿಗೆ ಅದು. ಎರಡೂವರೆ ಮೊಳ ಉದ್ದ, ಒಂದೂವರೆ ಮೊಳ ಅಗಲ, ಅಷ್ಟೇ ಎತ್ತರ. ಒಳಗೂ ಹೊರಗೂ ಚಿನ್ನದ ತಗಡು, ಹೊರಲು ಎರಡು ಕೋಲು. ಇಥಿಯೋಪಿಯಾದ ಅಕ್ಸುಮ್‌ನ ಚರ್ಚಿನವರು ಅದು ತಮ್ಮ ಹತ್ತಿರವೇ ಇದೆ ಅನ್ನುತ್ತಾರೆ. ಯಾರಿಗೂ ತೋರಿಸುವುದಿಲ್ಲ.

ಬೈಬಲ್ ಈ ವಿಷಯದಲ್ಲಿ ಸುಮ್ಮನಿದೆ. ಕ್ರಿ.ಪೂ. 586ರಲ್ಲಿ ಬಾಬಿಲೋನಿನ ನೆಬೂಕದ್ನೆಚ್ಚರನ ಸೈನ್ಯ ಯೆರೂಸಲೇಮಿನ ದೇವಾಲಯವನ್ನು ಸುಟ್ಟಿತು. ಹೊತ್ತುಕೊಂಡು ಹೋದ ಸಾಮಾನಿನ ಪಟ್ಟಿ ‘ಅರಸುಗಳು’ ಎರಡನೇ ಪುಸ್ತಕದ ಕೊನೆಯಲ್ಲಿದೆ. ಕಂಚಿನ ಕಂಬಗಳನ್ನು ಒಡೆದು ತುಂಡು ಮಾಡಿ ಒಯ್ದರು. ಹಂಡೆ, ಸಲಿಕೆ, ದೀಪದ ಕತ್ತರಿ, ಬೋಗುಣಿಗಳನ್ನೂ ಬಿಡಲಿಲ್ಲ. ಕತ್ತರಿಯನ್ನು ಬರೆದಿಟ್ಟ ಪಟ್ಟಿಯಲ್ಲಿ ಮಂಜೂಷದ ಹೆಸರೇ ಇಲ್ಲ! ಅಷ್ಟು ಹೊತ್ತಿಗೆ ಅದು ಅಲ್ಲಿರಲಿಲ್ಲವೋ, ಬರೆಯಲು ಮನಸ್ಸಾಗಲಿಲ್ಲವೋ, ಪಟ್ಟಿಯಂತೂ ಹೇಳುವುದಿಲ್ಲ.

ಹಾಗಾಗಿ ನಾನು ವಿದ್ಯಾರ್ಥಿಗಳಿಗೆ ಇನ್ನೊಂದು ಪ್ರಶ್ನೆ ಕೊಡುತ್ತೇನೆ. ಒಂದು ಗುಡಿ ಮುಚ್ಚಿದ್ದು ಹೇಗೆ? ಯಾರೋ ದೋಚಿದರೋ, ಸುಟ್ಟರೋ, ಪೂಜೆ ಮಾಡುತ್ತಿದ್ದವರೇ ಬಾಗಿಲು ಹಾಕಿದರೋ? ನಮ್ಮ ಕೈಗೆ ಏನು ಸಿಗುತ್ತದೆ ಅನ್ನುವುದು ಜಾಸ್ತಿ ಇದರ ಮೇಲೇ ನಿಂತಿದೆ. ದೋಚಿದ ಕಡೆ ಚಿನ್ನ, ಕಂಚು ಸಿಗುವುದಿಲ್ಲ. ಅವರೇ ಮುಚ್ಚಿದ ಕಡೆ, ಅದೃಷ್ಟವಿದ್ದರೆ, ಕೊನೆಯ ಪೂಜೆಯ ಮಸಿಯೂ ಸಿಗುತ್ತದೆ.

ಸಿಕ್ಕಿದ್ದು ಅರಾದ್‌ನಲ್ಲಿ. ಯೆರೂಸಲೇಮಿನ ದಕ್ಷಿಣಕ್ಕೆ, ನೆಗೆವ್ ಮರುಭೂಮಿಯ ಅಂಚಿನಲ್ಲಿ ಯೆಹೂದ ರಾಜ್ಯದ ಒಂದು ಗಡಿಕೋಟೆ. ಯೋಹಾನನ್ ಅಹರೋನಿ 1962ರಿಂದ 1967ರವರೆಗೆ ಅಲ್ಲಿ ಉತ್ಖನನ ಮಾಡಿದಾಗ ಕೋಟೆಯ ಒಳಗೇ ಒಂದು ಗುಡಿ ಕಾಣಿಸಿತು. ಮುಂದೆ ಅಂಗಳ. ಅಂಗಳದಲ್ಲಿ ಉಳಿ ತಾಗದ ಕಲ್ಲು ಮತ್ತು ಮಣ್ಣಿನ ಯಜ್ಞವೇದಿ. ವೇದಿಗೆ ಕಡಿದ ಕಲ್ಲು ಬಳಸಬಾರದು ಅಂತ ಬೈಬಲಿನ ವಿಮೋಚನಕಾಂಡ ಹೇಳುವುದು ಇದನ್ನೇ. ಅಂಗಳ ದಾಟಿದರೆ ಅಡ್ಡಗಲದ ಕೋಣೆ. ಅದರ ಹಿಂಗೋಡೆಯಲ್ಲಿ ಮೆಟ್ಟಿಲು ಹತ್ತಿ ಹೋಗುವ ಚಿಕ್ಕ ಗರ್ಭಗುಡಿ. ಅಲ್ಲಿ ವಿಗ್ರಹವಿಲ್ಲ. ನಯ ಮಾಡಿದ, ಕೆಂಪು ಬಣ್ಣದ ಗುರುತಿರುವ ಒಂದು ನೆಟ್ಟ ಕಲ್ಲು. ಎರಡನೇ ಕಲ್ಲೂ ಪೂಜೆಯದ್ದೇ, ಇಲ್ಲಾ ಗೋಡೆಯದ್ದಾ ಅಂತ ತಜ್ಞರು ಇನ್ನೂ ವಾದ ಮಾಡುತ್ತಿದ್ದಾರೆ. ಗರ್ಭಗುಡಿಯ ಬಾಗಿಲಲ್ಲಿ ಸುಣ್ಣಕಲ್ಲಿನ ಎರಡು ಧೂಪವೇದಿ. ಒಂದು 52 ಸೆಂಟಿಮೀಟರ್ ಎತ್ತರ, ಇನ್ನೊಂದು 40.

ಈ ಎರಡು ವೇದಿ ನಿಂತ ಸ್ಥಿತಿಯಲ್ಲಿ ಸಿಗಲಿಲ್ಲ. ಯಾರೋ ಅವನ್ನು ಮಗ್ಗುಲಾಗಿ ಮಲಗಿಸಿ ಮೇಲೆ ಮಣ್ಣು ಮುಚ್ಚಿದ್ದರು. ಒಡೆದಿರಲಿಲ್ಲ. ಪುರಾತತ್ತ್ವಜ್ಞ ಝೆಏವ್ ಹೆರ್ಜೋಗ್ ಮತ್ತೆ ಪರಿಶೀಲಿಸಿ, ಗುಡಿ ನಡೆದದ್ದು ಕ್ರಿ.ಪೂ. 8ನೇ ಶತಮಾನದಲ್ಲಿ, ಮುಚ್ಚಿದ್ದು ಆ ಶತಮಾನದ ಕೊನೆಯ ಹೊತ್ತಿಗೆ ಅಂದರು. ಅದು ಹಿಜ್ಕೀಯ ರಾಜನ ಕಾಲ. ಪೂಜೆಯೆಲ್ಲ ಯೆರೂಸಲೇಮಿನಲ್ಲೇ ಆಗಬೇಕು ಅಂತ ಅವನು ಊರೂರಿನ ಗುಡಿಗಳನ್ನು ತೆಗೆಸಿದ ಕತೆ ಬೈಬಲಿನಲ್ಲಿದೆ. ಅದಕ್ಕೂ ಇದಕ್ಕೂ ಸರಿಹೊಂದುತ್ತದೆ ಅಂತ ಒಂದು ಗುಂಪು. ಅಸ್ಸೀರಿಯಾದ ಸೈನ್ಯ ಬರುತ್ತಿದೆ ಅಂತ ಹೆದರಿ ಅಡಗಿಸಿದ್ದು ಅಂತ ಇನ್ನೊಂದು ಗುಂಪು. ನನಗೆ ಮೊದಲನೆಯದು ಹೆಚ್ಚು ಸರಿ ಅನಿಸುತ್ತದೆ. ಹೆದರಿ ಅಡಗಿಸಿದ್ದರೆ ಆಮೇಲೆ ತೆಗೆದು ಮತ್ತೆ ನಿಲ್ಲಿಸುತ್ತಿದ್ದರು, ಅಲ್ವಾ? ಕೋಟೆ ಅದಾದ ಮೇಲೂ ನೂರು ವರ್ಷ ಬಳಕೆಯಲ್ಲಿತ್ತು. ಗುಡಿ ಮತ್ತೆ ಏಳಲಿಲ್ಲ.

ವೇದಿಗಳ ತಲೆಯ ಮೇಲೆ ಕಪ್ಪಗೆ ಏನೋ ಅಂಟಿಕೊಂಡಿತ್ತು. ಅರವತ್ತರ ದಶಕದ ಪ್ರಯೋಗಾಲಯಗಳಿಗೆ ಅದು ಏನು ಅಂತ ಗಟ್ಟಿಯಾಗಿ ಹೇಳಲು ಆಗಲಿಲ್ಲ. ಪುಣ್ಯಕ್ಕೆ ಅದನ್ನು ಯಾರೂ ಕೆರೆದು ತೆಗೆಯಲಿಲ್ಲ. ನಮ್ಮ ಕೆಲಸದಲ್ಲಿ ಸಿಕ್ಕ ವಸ್ತುವನ್ನು ತೊಳೆಯುವ ಚಪಲ ತುಂಬಾ. ಫೋಟೊಗೆ ಚೆಂದ ಕಾಣಬೇಕು ಅಂತ ಬ್ರಷ್ ಹಾಕಿದರೆ ನೂರಾರು ವರ್ಷದ ಮಾಹಿತಿ ಬಕೆಟ್‌ನಲ್ಲಿ ಹೋಗುತ್ತದೆ. ಹೊಸದಾಗಿ ಕೆಲಸಕ್ಕೆ ಬಂದವರಿಗೆ ನಾನು ಮೊದಲು ಹೇಳುವ ಮಾತೇ ಇದು. ಕೇಳುವವರೆಗೆ ನೀರು ಮುಟ್ಟಬೇಡಿ.

2020ರಲ್ಲಿ ಎರಾನ್ ಅರೀ, ಬಾರೂಖ್ ರೋಸೆನ್, ದ್ವೋರಿ ನಾಮ್ದಾರ್ ಈ ಕಪ್ಪನ್ನು ಹೊಸ ಉಪಕರಣಗಳಲ್ಲಿ ಪರೀಕ್ಷಿಸಿದ ಫಲಿತಾಂಶ ಪ್ರಕಟಿಸಿದರು. ದೊಡ್ಡ ವೇದಿಯ ಮೇಲೆ ಅರೇಬಿಯಾ ಕಡೆಯಿಂದ ಬರುತ್ತಿದ್ದ ಮರದ ಅಂಟಿನ ಧೂಪ, ಜೊತೆಗೆ ಪ್ರಾಣಿಯ ಕೊಬ್ಬು. ಚಿಕ್ಕದರ ಮೇಲೆ ಗಾಂಜಾ! ಅದನ್ನು ಪ್ರಾಣಿಯ ಸಗಣಿಯ ಜೊತೆ ಕಲಸಿದ್ದರು. ಸಗಣಿ ಕಡಿಮೆ ಶಾಖದಲ್ಲಿ ನಿಧಾನ ಉರಿಯುತ್ತದೆ, ಗಾಂಜಾದ ಅಮಲಿನ ಅಂಶ ಹೊಗೆಯಾಗಿ ಬರಲು ಅದೇ ಬೇಕು. ಧೂಪಕ್ಕೆ ಜಾಸ್ತಿ ಶಾಖ ಬೇಕು, ಕೊಬ್ಬು ಅದನ್ನು ಕೊಡುತ್ತದೆ. ಅಂದರೆ ಈ ಕೆಲಸ ಗೊತ್ತಿದ್ದ ಕೈಗಳು ಮಾಡಿದ್ದು. ಬೈಬಲಿನ ಧೂಪದ ಪಟ್ಟಿಯಲ್ಲಿ ಗಾಂಜಾ ಸ್ಪಷ್ಟವಾಗಿ ಎಲ್ಲೂ ಇಲ್ಲ. ‘ಯೆರೂಸಲೇಮಿನಲ್ಲೂ ಹೀಗೇ ಇತ್ತಾ?’ ಅಂತ ಎಲ್ಲರೂ ಕೇಳುತ್ತಾರೆ. ಗಡಿಕೋಟೆಯ ಗುಡಿಯಿಂದ ರಾಜಧಾನಿಯ ಗುಡಿಗೆ ಒಂದೇ ಜಿಗಿತದಲ್ಲಿ ಹೋಗಬಾರದು. ಆದರೆ ಎರಡೂ ಒಂದೇ ರಾಜ್ಯದ ಗುಡಿಗಳು ಅನ್ನುವುದನ್ನು ಮರೆಯಲೂ ಬಾರದು.

ನೆಗೆವ್‌ನದೇ ಇನ್ನೊಂದು ಊರು ಬೇರ್ಷೆಬದಲ್ಲಿ ಮುಚ್ಚಿದ ರೀತಿ ಬೇರೆ. 1973ರಲ್ಲಿ ಅಲ್ಲಿನ ಒಂದು ಉಗ್ರಾಣದ ಗೋಡೆಯಲ್ಲಿ ನಾಲ್ಕು ಕೊಂಬಿನ ಯಜ್ಞವೇದಿಯ ಕಲ್ಲುಗಳು ಸಿಕ್ಕವು. ಬಿಚ್ಚಿ, ಸುಮ್ನೆ ಕಟ್ಟಡದ ಕಲ್ಲಾಗಿ ಬಳಸಿದ್ದರು. ಇವು ಕಡಿದ ಕಲ್ಲುಗಳು, ಒಂದರ ಮೇಲೆ ಹಾವಿನ ಚಿತ್ರವಿದೆ. ಅರಾದ್‌ನವರು ಪಾಲಿಸಿದ ನಿಯಮವನ್ನು ಇಲ್ಲಿಯವರು ಪಾಲಿಸಿರಲಿಲ್ಲ. ಯೆರೂಸಲೇಮಿನಿಂದ 7 ಕಿಲೋಮೀಟರ್ ಒಳಗಿರುವ ಮೋಟ್ಸಾದಲ್ಲೂ ಒಂದು ಗುಡಿ 2012ರಲ್ಲಿ, ಹೆದ್ದಾರಿ ಕೆಲಸದ ಮುಂಚೆ ನಡೆದ ಉತ್ಖನನದಲ್ಲಿ ಬೆಳಕಿಗೆ ಬಂತು. ಒಂದೇ ದೇವಾಲಯ ಅನ್ನುವ ಮಾತು ಬೈಬಲಿನಲ್ಲಿ ಎಷ್ಟು ಗಟ್ಟಿಯೋ, ನೆಲದಲ್ಲಿ ಅಷ್ಟು ಗಟ್ಟಿಯಲ್ಲ.

ಯೆರೂಸಲೇಮಿನ ಕತೆ ತಿರುಗುಮುರುಗು. ಅಲ್ಲಿ ಪುಸ್ತಕದ ವಿವರ ಜಾಸ್ತಿ, ಕೈಗೆ ಸಿಕ್ಕಿದ್ದು ಕಡಿಮೆ. ನೆಬೂಕದ್ನೆಚ್ಚರನ ಸೈನ್ಯ ಸುಟ್ಟ ಸೊಲೊಮೋನನ ದೇವಾಲಯ 60 ಮೊಳ ಉದ್ದ, 20 ಮೊಳ ಅಗಲ ಅನ್ನುತ್ತದೆ ಬೈಬಲ್. ಅದರ ಒಂದು ಕಲ್ಲನ್ನೂ ಇದೇ ಅಂತ ತೋರಿಸಲು ಆಗುವುದಿಲ್ಲ. ಈ ಬರವೇ ನಕಲಿ ಮಾಲಿಗೆ ದಾರಿ ಮಾಡಿದ್ದು. ಇಸ್ರೇಲ್ ಮ್ಯೂಸಿಯಂ 1988ರಲ್ಲಿ ಹೆಬ್ಬೆರಳಿನಷ್ಟು ದೊಡ್ಡ ದಂತದ ದಾಳಿಂಬೆಯೊಂದನ್ನು ಐದೂವರೆ ಲಕ್ಷ ಡಾಲರ್ ಕೊಟ್ಟು ಕೊಂಡಿತು. ಅದರ ಮೇಲಿನ ಬರಹದಿಂದ ಸೊಲೊಮೋನನ ದೇವಾಲಯದ್ದು ಅಂತ ನಂಬಿದ್ದರು. 2004ರಲ್ಲಿ ತಜ್ಞರ ಸಮಿತಿ ದಾಳಿಂಬೆ ಹಳೆಯದೇ, ಆದರೆ ಸೊಲೊಮೋನನಿಗಿಂತಲೂ ಹಳೆಯದು, ಬರಹ ಮಾತ್ರ ಈಚಿನ ಕೈಚಳಕ ಅಂದಿತು. ಒಪ್ಪದ ವಿದ್ವಾಂಸರೂ ಇದ್ದಾರೆ. ನನ್ನ ಮಟ್ಟಿಗೆ, ಎಲ್ಲಿ ಅಗೆದಿದ್ದು ಅಂತ ಗೊತ್ತಿಲ್ಲದ ವಸ್ತುವಿನ ಮೇಲೆ ಇತಿಹಾಸ ಕಟ್ಟಬಾರದು.

ಯೆರೂಸಲೇಮಿನಲ್ಲಿ ಆಮೇಲೆ ಕಟ್ಟಿದ ಎರಡನೇ ದೇವಾಲಯದಲ್ಲಿ ಮಂಜೂಷ ಇರಲೇ ಇಲ್ಲ. ಸುಮಾರು ಕ್ರಿ.ಪೂ. 515ರಿಂದ ಕ್ರಿ.ಶ. 70ರವರೆಗೆ ಗುಡಿ ಅದಿಲ್ಲದೆಯೇ ನಡೆಯಿತು. ನೆಲದಿಂದ ಮೂರು ಬೆರಳಷ್ಟು ಎದ್ದ ಒಂದು ಕಲ್ಲಿತ್ತು, ವರ್ಷಕ್ಕೊಂದು ದಿನ ಮಹಾಯಾಜಕ ಒಳಗೆ ಹೋಗಿ ಧೂಪಾರತಿಯನ್ನು ಅದರ ಮೇಲೆ ಇಡುತ್ತಿದ್ದ ಅನ್ನುತ್ತದೆ ಯೆಹೂದಿಗಳ ಹಳೆಯ ಧರ್ಮನಿಯಮಗಳ ಸಂಗ್ರಹ ಮಿಷ್ನಾ. ಕ್ರಿ.ಪೂ. 63ರಲ್ಲಿ ರೋಮನ್ ದಂಡನಾಯಕ ಪಾಂಪೇ ಆ ಕೋಣೆಗೇ ನುಗ್ಗಿದ. ಒಳಗೆ ದೇವರ ವಿಗ್ರಹವೇ ಇರಲಿಲ್ಲ, ಜಾಗ ಖಾಲಿ ಅಂತ ರೋಮನ್ ಇತಿಹಾಸಕಾರ ಟ್ಯಾಸಿಟಸ್ ಬರೆದ. ಮಂಜೂಷ ಹುಡುಕುವವರು ಈ ಸುಮಾರು ಆರುನೂರು ವರ್ಷವನ್ನು ಹಾರಿಸಿಬಿಡುತ್ತಾರೆ. ಜನ ಹಬ್ಬಕ್ಕೆ ಬಂದರು, ಬಲಿ ಕೊಟ್ಟರು, ಕಾಣಿಕೆ ಹಾಕಿದರು, ಒಳಗಿನ ಖಾಲಿ ಕೋಣೆಯ ಮುಂದೆಯೇ.

ಕ್ರಿ.ಶ. 70ರಲ್ಲಿ ಆ ದೇವಾಲಯವನ್ನು ನಾಶ ಮಾಡಿ ರೋಮನ್ನರು ಒಯ್ದ ಏಳು ಕವಲಿನ ದೀಪಸ್ತಂಭ, ರೊಟ್ಟಿಯ ಮೇಜು, ತುತ್ತೂರಿಗಳನ್ನು ರೋಮಿನ ಟೈಟಸ್ ಕಮಾನಿನಲ್ಲಿ ಕೆತ್ತಿದ್ದಾರೆ. ಕೆತ್ತನೆಯ ಆ ದೀಪಕ್ಕೆ ಹಳದಿ ಬಣ್ಣ ಹಚ್ಚಿದ್ದರು ಅಂತ 2012ರ ಪರೀಕ್ಷೆಯಲ್ಲಿ ಗೊತ್ತಾಯಿತು.

ಸಾಮಾನು ಹೋಯಿತು ಅಂತ ಪೂಜೆ ಮಾಡುತ್ತಿದ್ದವರೇ ಬರೆದಿಟ್ಟ ದೂರು ಸಿಕ್ಕಿರುವುದು ಈಜಿಪ್ಟಿನಲ್ಲಿ. ನೈಲ್ ನದಿಯ ಎಲೆಫಾಂಟೈನ್ ದ್ವೀಪದಲ್ಲಿ ಪರ್ಷಿಯನ್ ದೊರೆಗಳ ಕೈಕೆಳಗೆ ಯೆಹೂದಿ ಸೈನಿಕರಿದ್ದರು. ಅವರಿಗೂ ಒಂದು ಗುಡಿ ಇತ್ತು. ಕ್ರಿ.ಪೂ. 410ರಲ್ಲಿ ಪಕ್ಕದ ಖ್ನೂಮ್ ದೇವರ ಪೂಜಾರಿಗಳು ಅಧಿಕಾರಿಯನ್ನು ಒಳಗೆ ಹಾಕಿಕೊಂಡು ಅದನ್ನು ಕೆಡವಿಸಿದರು. ಮೂರು ವರ್ಷದ ನಂತರ ಯೆಹೂದದ ಅಧಿಪತಿಗೆ ಬರೆದ ಮನವಿಯಲ್ಲಿ ಲೆಕ್ಕವಿದೆ. ಐದು ಕಲ್ಲಿನ ಬಾಗಿಲುವಾಡ ಒಡೆದರು, ದೇವದಾರು ಚಾವಣಿ ಸುಟ್ಟರು, ಚಿನ್ನ ಬೆಳ್ಳಿಯ ಬಟ್ಟಲುಗಳನ್ನು ತೆಗೆದುಕೊಂಡು ಹೋದರು. ಮತ್ತೆ ಕಟ್ಟಿ, ಧಾನ್ಯ ನೈವೇದ್ಯ ಮತ್ತು ಧೂಪ ಅರ್ಪಿಸಿ ಅಂತ ಒಪ್ಪಿಗೆ ಬಂತು. ಪ್ರಾಣಿ ಬಲಿಯ ಮಾತಿಲ್ಲ. ಆಮೇಲೆ ಗುಡಿ ಎದ್ದಿತು ಅಂತ ಗೊತ್ತಾಗುವುದು ಕ್ರಿ.ಪೂ. 402ರ ಒಂದು ಮನೆಯ ಕ್ರಯಪತ್ರದಿಂದ. ಈಗ ಬ್ರೂಕ್ಲಿನ್ ಮ್ಯೂಸಿಯಂನಲ್ಲಿದೆ. ಮನೆ ಮಾರಿದವನು ಆ ಗುಡಿಯದೇ ಸೇವಕ. ಚಕ್ಕುಬಂದಿಯಲ್ಲಿ ನಡುವೆ ರಾಜಬೀದಿ, ಆಚೆಗೆ ದೇವರ ಗುಡಿ ಅಂತ ಬರೆಸಿದ್ದಾನೆ.