ಫೈವ್ ಸ್ಟಾರ್ ಆಟಗಾರರು, ಐದೇ ಗೆಲುವು: ಟೆಕ್ಸಸ್ ಫುಟ್‌ಬಾಲ್ ಎಡವಿದ್ದೆಲ್ಲಿ?

2022ರಲ್ಲಿ ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡ ಸೇರಿಸಿಕೊಂಡ ಹೈಸ್ಕೂಲ್ ಹುಡುಗರ ಬ್ಯಾಚ್‌ಗೆ ಇಡೀ ಅಮೆರಿಕದಲ್ಲೇ ಮೊದಲ ರ‍್ಯಾಂಕ್ ಸಿಕ್ಕಿತ್ತು. ಅದೇ ಸೆಪ್ಟೆಂಬರ್‌ನಲ್ಲಿ ತಂಡ ತವರು ಮೈದಾನದಲ್ಲಿ ಅಪಲಾಚಿಯನ್ ಸ್ಟೇಟ್‌ಗೆ 17-14ರಲ್ಲಿ ಸೋತಿತು. ಸೀಸನ್ ಮುಗಿದಾಗ ಲೆಕ್ಕ 5 ಗೆಲುವು, 7 ಸೋಲು. ಮರುವರ್ಷ ಕೋಚ್ ಜಿಂಬೊ ಫಿಶರ್ ಅವರನ್ನು ಒಪ್ಪಂದ ಮುಗಿಯುವ ಮೊದಲೇ ತೆಗೆದುಹಾಕಲು ಸುಮಾರು 7.6 ಕೋಟಿ ಡಾಲರ್ ತೆರಬೇಕಾಯಿತು.

ಆಗ ತಾನೇ ಬಂದ ಹುಡುಗರನ್ನು ಆ ಸೋಲಿಗೆ ಹೊಣೆ ಮಾಡುವುದು ಅನ್ಯಾಯ. ಒಂದು ಬ್ಯಾಚಿನ ನಿಜವಾದ ಫಲ ಮೂರನೇ, ನಾಲ್ಕನೇ ವರ್ಷದಲ್ಲಿ ಕಾಣುತ್ತದೆ. ರ‍್ಯಾಂಕ್ ಪಟ್ಟಿ ಮಾತ್ರ ಹುಡುಗರು ಕಾಲೇಜಿಗೆ ಸೇರಲು ಸಹಿ ಹಾಕಿದ ದಿನವೇ ತೀರ್ಪು ಕೊಟ್ಟುಬಿಡುತ್ತದೆ.

ಆ ಪಟ್ಟಿ ತಯಾರಾಗುವ ಬಗೆ ನೋಡಿ. ಹೈಸ್ಕೂಲ್ ಆಟಗಾರರನ್ನು ಅಳೆಯುವ ವೆಬ್‌ಸೈಟ್‌ಗಳು ಪ್ರತಿ ಹುಡುಗನಿಗೂ ಎರಡರಿಂದ ಐದು ಸ್ಟಾರ್ ಕೊಡುತ್ತವೆ. ಐದು ಸ್ಟಾರ್ ಸಿಗುವುದು ದೇಶದಲ್ಲಿ ವರ್ಷಕ್ಕೆ ಮೂವತ್ತು ಚಿಲ್ಲರೆ ಮಂದಿಗೆ. ತಂಡದ ಒಟ್ಟು ಅಂಕದಲ್ಲಿ ಅತ್ಯುತ್ತಮ ಆಟಗಾರರಿಗೆ ಹೆಚ್ಚು ತೂಕ, ಕೆಳಗಿನವರಿಗೆ ಕಡಿಮೆ. ಯಾವ ಜಾಗಕ್ಕೆ ಎಷ್ಟು ಜನ ಎಂಬುದನ್ನು ಲೆಕ್ಕ ಕೇಳುವುದೇ ಇಲ್ಲ. ಹಾಗಾಗಿ ಓಡಿ ಚೆಂಡು ಹಿಡಿಯುವ ಎಂಟು ರಿಸೀವರ್, ಮುಂದಿನ ಸಾಲಿನಲ್ಲಿ ಎದುರಾಳಿಯನ್ನು ತಡೆಯುವ ಇಬ್ಬರೇ ಲೈನ್‌ಮನ್ ಇರುವ ಬ್ಯಾಚೂ ಮೇಲಿನ ಸ್ಥಾನಕ್ಕೆ ಬರಬಹುದು. ಬೇಸಿಗೆಯಲ್ಲಿ ನಡೆಯುವ ಏಳೇಳು ಜನರ ಸೆವೆನ್-ಆನ್-ಸೆವೆನ್ ಪಂದ್ಯಗಳಲ್ಲಂತೂ ಲೈನ್‌ಮನ್‌ಗಳೇ ಇರುವುದಿಲ್ಲ.

ಪಟ್ಟಿ ಪೂರ್ತಿ ಸುಳ್ಳಲ್ಲ. ರಾಷ್ಟ್ರೀಯ ಪ್ರಶಸ್ತಿ ಗೆದ್ದ ತಂಡಗಳಲ್ಲಿ ಬಹುಪಾಲು ನಾಲ್ಕು-ಐದು ಸ್ಟಾರ್ ಹುಡುಗರಿಂದಲೇ ತುಂಬಿದ್ದವು. ಆದರೆ ಹಾಗೆ ತುಂಬಿಯೂ ಸೋತ ತಂಡಗಳಿಗೆ ಲೆಕ್ಕವಿಲ್ಲ. ಸ್ಕಾಲರ್‌ಶಿಪ್ ಪಡೆಯಬಹುದಾದ ಆಟಗಾರರ ಮಿತಿ ಒಂದು ತಂಡಕ್ಕೆ 1973ರಲ್ಲಿ 105 ಇದ್ದದ್ದು 1978ರಲ್ಲಿ 95ಕ್ಕೆ, 1994ಕ್ಕೆ 85ಕ್ಕೆ ಇಳಿಯಿತು. ಆಯ್ಕೆಯಲ್ಲಿ ಆದ ತಪ್ಪನ್ನು ಮುಚ್ಚಿಕೊಳ್ಳಲು ಇದ್ದ ಜಾಗ ಅಲ್ಲಿಂದ ಕಿರಿದಾಯಿತು.

ಇದರ ಪೆಟ್ಟು ಅತಿ ಸ್ಪಷ್ಟವಾಗಿ ಕಾಣುವುದು ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ. 2009ರ ಸೀಸನ್‌ನಲ್ಲಿ ರಾಷ್ಟ್ರೀಯ ಫೈನಲ್ ಆಡಿದ್ದ ತಂಡ ಮರುವರ್ಷ 5 ಗೆಲುವು, 7 ಸೋಲಿಗೆ (5-7) ಕುಸಿಯಿತು. ಹಣಕ್ಕೆ ಕೊರತೆ ಇರಲಿಲ್ಲ. 2011ರಲ್ಲಿ ಕ್ರೀಡಾ ವಾಹಿನಿ ಇಎಸ್‌ಪಿಎನ್ ಜೊತೆ 20 ವರ್ಷಕ್ಕೆ 30 ಕೋಟಿ ಡಾಲರ್‌ನ ಸ್ವಂತ ಟಿವಿ ಚಾನೆಲ್ಲೇ ಬಂತು. ಒಳ್ಳೆಯ ರ‍್ಯಾಂಕ್‌ಗೂ ಕೊರತೆ ಇರಲಿಲ್ಲ. ಹಾಗಿದ್ದೂ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ತಂಡಗಳು ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ 2014ರ ಡ್ರಾಫ್ಟ್‌ನಲ್ಲಿ ಟೆಕ್ಸಸ್‌ನ ಒಬ್ಬ ಆಟಗಾರನೂ ಆಯ್ಕೆಯಾಗಲಿಲ್ಲ. 1937ರ ನಂತರ ಹೀಗಾದದ್ದು ಅದೇ ಮೊದಲು. ಇನ್ನೂ ಆಳದ ಸಂಗತಿ ಬೇರೆಯಿದೆ: 2008ರಲ್ಲಿ ಆಯ್ಕೆಯಾದ ಟೋನಿ ಹಿಲ್ಸ್ ನಂತರ 2018ರಲ್ಲಿ ಕಾನರ್ ವಿಲಿಯಮ್ಸ್ ಬರುವವರೆಗೆ ಅಲ್ಲಿಂದ ಒಬ್ಬ ಆಕ್ರಮಣದ ಲೈನ್‌ಮನ್ ಕೂಡ ಡ್ರಾಫ್ಟ್ ಆಗಲಿಲ್ಲ.

ಆಕ್ರಮಣದ ಐದು ಲೈನ್‌ಮನ್‌ಗಳ ಈ ಸಾಲೇ ಇಡೀ ಆಟದ ಅಡಿಪಾಯ. ಅದು ಎರಡೂವರೆ ಸೆಕೆಂಡು ತಡೆದು ನಿಲ್ಲದಿದ್ದರೆ ಎಂಥ ಕ್ವಾರ್ಟರ್‌ಬ್ಯಾಕ್‌ಗೂ ಚೆಂಡೆಸೆಯಲು ಸಮಯ ಸಿಗದು. ಲೈನ್‌ಮನ್ ತಯಾರಾಗುವುದೂ ಅತ್ಯಂತ ನಿಧಾನ. ಹೈಸ್ಕೂಲ್‌ನಲ್ಲಿ 125 ಕಿಲೋ ತೂಗುವ ಹುಡುಗ ಎದುರಿನ 90 ಕಿಲೋದವನನ್ನು ಮೈಭಾರದಿಂದಲೇ ಬೀಳಿಸುತ್ತಾನೆ. ಕಾಲಿನ ಹೆಜ್ಜೆ, ಅಂಗೈ ಊರುವ ಜಾಗ ಅವನಿಗೆ ಬೇಕಾಗುವುದೇ ಇಲ್ಲ. ಕಾಲೇಜಿನಲ್ಲಿ ಎದುರಾಗುವವನ ತೂಕವೇ 135. ಅಲ್ಲಿ ಸೊಂಟ ತಗ್ಗಿಸಿ ಹಿಂದಕ್ಕೆ ಜಾರುತ್ತ ಹೆಜ್ಜೆ ಇಡುವುದು, ಪಕ್ಕದವನ ಜೊತೆ ಒಬ್ಬನನ್ನು ತಡೆದು ಮುಂದಿನವನಿಗೆ ದಾಟುವುದು, ಎದುರು ತಂಡದ ಜೋಡಣೆ ಓದುವುದು, ಎಲ್ಲವನ್ನೂ ಹೊಸದಾಗಿ ಕಲಿಯಬೇಕು. ನಿಯಮದ ಪ್ರಕಾರ ಸೀಸನ್‌ನಲ್ಲಿ ಅಭ್ಯಾಸಕ್ಕೆ ವಾರಕ್ಕೆ 20 ಗಂಟೆ, ವಸಂತದಲ್ಲಿ 15 ಅಭ್ಯಾಸಗಳು. ಎರಡು ಮೂರು ವರ್ಷ ಹಿಡಿಯುವುದು ಸಹಜ.

ಹಾಗಾಗಿ ಪ್ರತಿ ವರ್ಷ ನಾಲ್ಕೈದು ಲೈನ್‌ಮನ್‌ಗಳನ್ನು ತರಲೇಬೇಕು. ಅವರಲ್ಲಿ ಒಬ್ಬನಿಗೆ ಮೊಣಕಾಲು ಪೆಟ್ಟು, ಒಬ್ಬ ಬಿಟ್ಟುಹೋಗುತ್ತಾನೆ, ಒಬ್ಬ ಬೆಳೆಯುವುದಿಲ್ಲ ಎಂದೇ ಲೆಕ್ಕ ಹಾಕಬೇಕು. ಒಂದು ವರ್ಷ ಇಬ್ಬರನ್ನೇ ತಂದರೆ ತೂತು ಕಾಣುವುದು ಮೂರು ವರ್ಷದ ನಂತರ. ಅಷ್ಟರಲ್ಲಿ ಕೋಚ್ ಬದಲಾಗಿರುತ್ತಾರೆ.

ಆಸ್ಟಿನ್‌ನಲ್ಲಿ ಇನ್ನೂ ಎರಡು ಕಾರಣಗಳು ಕೂಡಿಕೊಂಡವು. ಸಹಿಗೆ ಒಂದು ವರ್ಷ ಮೊದಲೇ, ಹೈಸ್ಕೂಲ್ ಹುಡುಗರು ಕಾಲೇಜಿಗೆ ಭೇಟಿ ಕೊಡುವ ಫೆಬ್ರವರಿಯ ಜೂನಿಯರ್ ಡೇಗಳಲ್ಲಿ, ಹುಡುಗರ ಒಪ್ಪಿಗೆ ಪಡೆದು ಬ್ಯಾಚ್ ಬಹುತೇಕ ತುಂಬಿಸುವ ಪದ್ಧತಿ ಇತ್ತು. ಕೊನೆಯ ವರ್ಷದಲ್ಲಿ ಯಾರು ಬೆಳೆದರು, ಯಾರು ನಿಂತರು ಎಂದು ನೋಡುವ ಅವಕಾಶ ಅದರಿಂದ ಕೈತಪ್ಪಿತು. ಜೊತೆಗೆ 2010ರಿಂದ 2016ರವರೆಗಿನ ಏಳು ಸೀಸನ್‌ಗಳಲ್ಲಿ ಆಕ್ರಮಣದಲ್ಲಿ ಪ್ರತಿ ಬಾರಿ ಯಾವ ತಂತ್ರ ಎಂದು ನಿರ್ಧರಿಸುವ (ಪ್ಲೇ ಕರೆಯುವ) ಹೊಣೆ ಆರು ಜನರ ಕೈ ದಾಟಿತು. ಒಬ್ಬರಿಗೆ ಅಕ್ಕಪಕ್ಕ ಚುರುಕಾಗಿ ಸರಿಯುವ ಲೈನ್‌ಮನ್ ಬೇಕು, ಇನ್ನೊಬ್ಬರಿಗೆ ನೇರ ನುಗ್ಗುವ ಭಾರಿ ದೇಹ. ಒಂದು ವಿಧಾನಕ್ಕೆ ಆರಿಸಿದ ಹುಡುಗ ಇನ್ನೊಂದರಲ್ಲಿ ಮೊದಲ ದಿನದ ವಿದ್ಯಾರ್ಥಿ. ಕೋಚ್ ತೆಗೆದರೆ ಸರಿಹೋಗುತ್ತದೆ ಎಂಬ ಆತುರಕ್ಕೆ ಆ ಹುಡುಗರು ತಮ್ಮ ವರ್ಷಗಳನ್ನೇ ತೆತ್ತರು.

2021ರಲ್ಲಿ ಆಸ್ಟಿನ್‌ಗೆ ಕೋಚ್ ಆಗಿ ಸ್ಟೀವ್ ಸಾರ್ಕಿಸಿಯನ್ ಬಂದಾಗಲೂ ಮೊದಲ ಫಲಿತಾಂಶ 5-7. ತವರಿನಲ್ಲೇ ಕ್ಯಾನ್ಸಸ್‌ಗೆ 57-56ರ ಸೋಲು. ಆದರೆ 2022ರ ಬ್ಯಾಚಿನಲ್ಲಿ ಅವರು ಏಳು ಲೈನ್‌ಮನ್‌ಗಳನ್ನು ತಂದರು. ಅವರಲ್ಲೊಬ್ಬ, ಕೆಲ್ವಿನ್ ಬ್ಯಾಂಕ್ಸ್, ಮೊದಲ ಪಂದ್ಯದಿಂದಲೇ ಆಡಿ 2025ರ ಡ್ರಾಫ್ಟ್‌ನಲ್ಲಿ 9ನೆಯವನಾಗಿ ಆಯ್ಕೆಯಾದ. ತಂಡ 2023ರಲ್ಲಿ 12-2, 2024ರಲ್ಲಿ 13-3.

ಈಗ ಲೆಕ್ಕ ಮತ್ತೆ ಕಲಸಿದೆ. 2018ರಲ್ಲಿ ಆಟಗಾರರು ಕಾಲೇಜು ಬದಲಿಸಲು ಹೆಸರು ನೋಂದಾಯಿಸುವ ಟ್ರಾನ್ಸ್‌ಫರ್ ಪೋರ್ಟಲ್ ಬಂತು, 2021ರಲ್ಲಿ ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸುವ ಹಕ್ಕು ಬಂತು. ಎ ಅಂಡ್ ಎಂನ ಆ ಮೊದಲ ರ‍್ಯಾಂಕ್ ಬ್ಯಾಚಿನ ಹಲವರು ಎರಡು ಮೂರು ವರ್ಷದಲ್ಲೇ ಬೇರೆ ಕಾಲೇಜು ಸೇರಿದರು. ಮೊದಲಾದರೆ ಮೂರು ವರ್ಷ ಕಾದು ನಾಲ್ಕನೆಯದರಲ್ಲಿ ಸಿದ್ಧನಾಗಿ ನಿಲ್ಲುತ್ತಿದ್ದ ಲೈನ್‌ಮನ್ ಈಗ ಎರಡನೇ ವರ್ಷವೇ ಹೊರಡುತ್ತಾನೆ. 2025ರಿಂದ ಸ್ಕಾಲರ್‌ಶಿಪ್ ಮಿತಿಯ ಬದಲು 105 ಆಟಗಾರರ ಮಿತಿ ಜಾರಿಗೆ ಬಂದಿದೆ. ಕಾಲೇಜುಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಅದೇ ವರ್ಷ ಟೆಕ್ಸಸ್ ತನ್ನ ಇತಿಹಾಸದಲ್ಲಿ ಮೊದಲ ಬಾರಿಗೆ ಪತ್ರಕರ್ತರು ಮತ ಹಾಕಿ ತಯಾರಿಸುವ ಎಪಿ ಪಟ್ಟಿಯ ಅಗ್ರಸ್ಥಾನದಿಂದ ಸೀಸನ್ ಆರಂಭಿಸಿತು. ಮೊದಲ ಪಂದ್ಯದಲ್ಲೇ ಒಹಾಯೊ ಸ್ಟೇಟ್‌ಗೆ 14-7ರಲ್ಲಿ, ಅಕ್ಟೋಬರ್‌ನಲ್ಲಿ ಫ್ಲೋರಿಡಾಗೆ 29-21ರಲ್ಲಿ ಸೋತಿತು. ಹಿಂದಿನ ವರ್ಷದ ಐವರು ಲೈನ್‌ಮನ್‌ಗಳಲ್ಲಿ ನಾಲ್ವರು ತಂಡದಲ್ಲಿರಲಿಲ್ಲ.